ಹನ್ನೊಂದನೇ ಪುಟದ ಒಂಟಿ ತಲೆ

ಚಪ್ಪಟೆ ಸ್ಪೀಕರಿನ ಕೈಪಿಡಿಯಲ್ಲಿ ಹನ್ನೊಂದನೇ ಪುಟದ ನಕ್ಷೆಯನ್ನು ಬರೆದ ಮಾನ್ಯರೇ,

ಇಂಡಿ ಪಟ್ಟಣದಿಂದ ಜಯತೀರ್ಥ ಎಂಬ ಭೂಮಾಪಕ ಮಾಡುವ ನಮಸ್ಕಾರಗಳನ್ನು ಮೊದಲು ಸ್ವೀಕರಿಸಬೇಕು. ತಾವು ಯಾವ ದೇಶದಲ್ಲಿ, ಯಾವ ಮೇಜಿನ ಮುಂದೆ ಕುಳಿತಿದ್ದೀರೋ ತಿಳಿಯದು. ಅಲ್ಲಿ ಈಗ ಬೇಸಿಗೆಯೋ ಚಳಿಯೋ ಅದೂ ತಿಳಿಯದು. ಎಲ್ಲಿದ್ದರೂ ತಾವು ಕ್ಷೇಮವಾಗಿರುವಿರೆಂದೂ ತಮ್ಮ ಕುರ್ಚಿ ತಮ್ಮ ಗೋಡೆಗಳಿಂದ ಸೂಕ್ತ ದೂರದಲ್ಲಿ ಇರುವುದೆಂದೂ ನಂಬಿದ್ದೇನೆ. ತಮ್ಮ ಕೈಪಿಡಿ ಎಂಟು ಭಾಷೆಗಳಲ್ಲಿದೆ. ಅವುಗಳಲ್ಲಿ ನಮ್ಮದು ಇಲ್ಲ. ಆದ್ದರಿಂದ ನಾನೂ ಅಷ್ಟೇ ಗೌರವದಿಂದ ನಮ್ಮ ಭಾಷೆಯಲ್ಲೇ ಬರೆಯುತ್ತಿದ್ದೇನೆ.

ಇದನ್ನು ಬಹಿರಂಗ ಪತ್ರವಾಗಿಸಿದ್ದಕ್ಕೆ ಕ್ಷಮೆ ಇರಲಿ. ಖಾಸಗಿಯಾಗಿ ಮೂರು ಸಲ ಬರೆದೆ. ಮೂರು ಸಲವೂ ತಮ್ಮ ಕಂಪನಿಯಿಂದ ಕಣ್ಣು ಮುಚ್ಚಿ ತೆರೆಯುವುದರೊಳಗೆ ಉತ್ತರ ಬಂತು: ನನ್ನ ಸಂತೋಷ ಐದು ನಕ್ಷತ್ರಗಳಲ್ಲಿ ಎಷ್ಟು ಎಂದು ಗುರುತು ಹಾಕಬೇಕಂತೆ. ಇಪ್ಪತ್ತಾರು ವರ್ಷಗಳಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲ್ಲೂಕುಗಳಲ್ಲಿ ಸರದಿಯಂತೆ ವರ್ಗವಾಗುತ್ತ ಹೊಲ ಅಳೆದವನು ನಾನು. ಕರಿ ನೆಲ ಅಳೆದಿದ್ದೇನೆ, ಮಡ್ಡಿ ಅಳೆದಿದ್ದೇನೆ, ಹಳ್ಳದ ದಂಡೆ ಅಳೆದಿದ್ದೇನೆ. ಆದರೆ ಸಂತೋಷವನ್ನು ಅಳೆಯುವ ಸರಪಳಿ ನಮ್ಮ ಕಚೇರಿಗೆ ಇನ್ನೂ ಬಂದಿಲ್ಲ.

ತಮ್ಮ ಸ್ಪೀಕರುಗಳು ಏಳು ತಿಂಗಳ ಹಿಂದೆ ಹೆದ್ದಾರಿಯ ಲಾರಿಯಿಂದ ಝಳಕಿಯಲ್ಲಿ ಇಳಿದವು. ಲಾರಿಯವರು ಊರೊಳಗೆ ಬರಲು ಒಪ್ಪಲಿಲ್ಲ. ನಿಂಬೆಹಣ್ಣು ಇಳಿಸಿ ಮರಳುತ್ತಿದ್ದ ಒಂದು ಮೂರು ಗಾಲಿಯ ಟಂಟಂನಲ್ಲಿ, ಖಾಲಿ ಚೀಲಗಳ ಮೇಲೆ ಮಲಗಿಕೊಂಡು ಅವು ನಮ್ಮ ಮನೆಗೆ ಬಂದವು. ಒಂದು ತಿಂಗಳ ಕಾಲ ಯಾವ ರಾಗ ಹಾಕಿದರೂ ಸಣ್ಣಗೆ ನಿಂಬೆಯ ವಾಸನೆ ಬರುತ್ತಿತ್ತು. ಇದನ್ನು ದೂರಿನಲ್ಲಿ ಸೇರಿಸಿಲ್ಲ.

ಡಬ್ಬಿಯೇ ಇಲ್ಲದ ಸ್ಪೀಕರನ್ನು ನಮ್ಮ ಓಣಿಯಲ್ಲಿ ಯಾರೂ ನೋಡಿರಲಿಲ್ಲ. ಎರಡು ಬೆರಳು ದಪ್ಪ, ಒಂದೂವರೆ ಅಡಿ ಅಗಲ, ನನ್ನ ಹೆಂಡತಿ ಗೌತಮಿಗಿಂತ ಒಂದು ಗೇಣು ಎತ್ತರ. ಬೂದುಬಣ್ಣದ ಬಟ್ಟೆ ಹೊದ್ದು ಸುಮ್ಮನೆ ನಿಂತ ಎರಡು ಹಲಗೆಗಳು. ಒಳಗೆ ಉಳ್ಳಾಗಡ್ಡಿಯ ಸಿಪ್ಪೆಯಷ್ಟು ತೆಳುವಾದ ಹಾಳೆಯೊಂದು ನಡುಗಿದರೆ ಅದೇ ಸಂಗೀತ. ಜಾಹೀರಾತಿನಲ್ಲಿ ತಾವು ಕೈಗೆಟುಕುವ ಬೆಲೆ ಎಂದದ್ದು ಸುಳ್ಳಲ್ಲ, ಕೈಗೆ ಎಟುಕಿತು. ಆದರೆ ಮನೆಯಲ್ಲಿದ್ದ ಆಂಪ್ಲಿಫೈಯರು ಅವುಗಳ ಮುಂದೆ ಎರಡು ದಿನ ಪಿಸುಗುಟ್ಟಿ, ಬಿಸಿಯಾಗಿ, ಆರಿಹೋಯಿತು. ಸಿಂದಗಿಯಲ್ಲಿ ಮದುವೆಗೂ ಭಾಷಣಕ್ಕೂ ಧ್ವನಿವರ್ಧಕ ಕಟ್ಟುವ ಯಾಕೂಬಸಾಬರನ್ನು ಕರೆಸಿದೆ. ಅವರು ಹಲಗೆಗಳ ಸುತ್ತ ಎರಡು ಸುತ್ತು ಬಂದು, ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ, “ಕುದುರಿ ಸ್ವಸ್ತಾ ಸಿಕ್ಕೈತ್ರಿ ಸಾಹೇಬ್ರ, ಆದ್ರ ಮೇವು ಭಾಳ ತಿಂತೈತಿ” ಎಂದು ತೀರ್ಪು ಕೊಟ್ಟು, ಒಬ್ಬರಿಂದ ಎತ್ತಲಾಗದ ಆಂಪ್ಲಿಫೈಯರೊಂದನ್ನು ತಂದು ಇಟ್ಟರು. ಅದು ಚಳಿಗಾಲದಲ್ಲಿ ಪಡಸಾಲೆಯನ್ನು ಬೆಚ್ಚಗೆ ಇಡುತ್ತದೆ. ನಮ್ಮ ಕಡೆ ಚಳಿಗಾಲ ಎಷ್ಟು ದಿನ ಎಂಬುದನ್ನು ತಾವು ಯಾವುದಾದರೂ ಭೂಗೋಳದ ಪುಸ್ತಕದಲ್ಲಿ ನೋಡಬಹುದು.

ಹಾಡಿನ ವಿಷಯಕ್ಕೆ ಬಂದರೆ ನನಗೆ ಹೊಗಳಿಕೆಯ ಹೊರತು ಬೇರೆ ಮಾತಿಲ್ಲ. ಹಾಡುವವರು ಉಸಿರು ಎಳೆದುಕೊಳ್ಳುವುದು, ತಬಲಾದವರು ಬೆರಳೆತ್ತುವುದು, ತಂಬೂರಿಯ ಒಂದೊಂದು ತಂತಿ ತನ್ನ ಪಾಡಿಗೆ ಕರಗುವುದು, ಯಾರೋ ಸಭಿಕರು ಕೆಮ್ಮನ್ನು ತಡೆಹಿಡಿಯುವುದು ಕೂಡ ಕೇಳುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳುವ ಇಂಥ ಎರಡು ಹಲಗೆಗಳು ಸರಕಾರಿ ಕಚೇರಿಗಳಲ್ಲಿ ಸಿಗುವುದಿಲ್ಲ. ಆದರೆ ಇದೆಲ್ಲ ಕೇಳುವುದು ಒಂದು ಜಾಗದಲ್ಲಿ ಕುಳಿತರೆ ಮಾತ್ರ, ಮತ್ತು ಆ ಜಾಗವನ್ನು ತೋರಿಸಿದವರು ತಾವು.

ಹನ್ನೊಂದನೇ ಪುಟದ ಪ್ರಕಾರ ಸ್ಪೀಕರುಗಳು ಗೋಡೆಯಿಂದ ಒಂದು ಮೀಟರ್ ಮುಂದೆ ನಿಲ್ಲಬೇಕು, ಒಂದರಿಂದ ಒಂದು ಎರಡು ಮೀಟರ್ ದೂರ ಇರಬೇಕು, ಎರಡರಿಂದಲೂ ಅಷ್ಟೇ ದೂರದಲ್ಲಿ ಕೇಳುವವನು ಕೂಡಬೇಕು. ಆ ತ್ರಿಕೋನದ ತುದಿಯಲ್ಲಿ ತಾವು ಸಣ್ಣದೊಂದು ವೃತ್ತ ಬರೆದು, ಅದಕ್ಕೊಂದು ಮೂಗು ಇಟ್ಟಿದ್ದೀರಿ. ಅದು ತಲೆ. ಒಂದೇ ತಲೆ. ಅಳೆಯುವುದು ನನ್ನ ಹೊಟ್ಟೆಪಾಡು; ಟೇಪು ಹಿಡಿದು, ನೂಲು ಕಟ್ಟಿ, ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿ, ತಮ್ಮ ನಕ್ಷೆಯನ್ನು ನಮ್ಮ ಹನ್ನೊಂದು ಅಡಿಯ ಪಡಸಾಲೆಗೆ ಇಳಿಸಿದೆ. ಕುರ್ಚಿ ಬರಬೇಕಾದಲ್ಲೇ ಬಂತು. ಅದರಲ್ಲಿ ಕುಳಿತು ತಲೆಯನ್ನು ಒಂದು ಗೇಣು ಸರಿಸಿದರೆ ಹಾಡುವವರೂ ಒಂದು ಕಡೆಗೆ ಜಾರಿಬಿಡುತ್ತಾರೆ. ನಾನು ಸರಿಸಲಿಲ್ಲ.

ಇಲ್ಲಿ ತಮಗೆ ಗೊತ್ತಿರಲಾರದ ಒಂದು ಸಂಗತಿ ಹೇಳಬೇಕು. ನಮ್ಮ ಕಡೆ ಮನೆಗೆ ಬಂದವರು ಗೋಡೆಗೆ ಬೆನ್ನು ಹಚ್ಚಿ ಕೂಡುತ್ತಾರೆ. ಇದಕ್ಕೆ ಕೈಪಿಡಿ ಇಲ್ಲ. ಪಡಸಾಲೆಯ ನಡುವೆ ಒಬ್ಬನೇ ಕೂಡುವವನೆಂದರೆ ಕ್ಷೌರ ಮಾಡಿಸಿಕೊಳ್ಳುವವನು, ಇಲ್ಲವೆ ಪಂಚರ ಮುಂದೆ ಉತ್ತರ ಹೇಳಬೇಕಾದವನು. ನಮ್ಮ ಪಡಸಾಲೆಯ ಮೂರು ಗೋಡೆಗಳು ಬಾಗಿಲಿಗೆ, ಕಪಾಟಿಗೆ, ದೇವರಮನೆಗೆ ಹೋಗಿವೆ. ಕೂಡಲು ಉಳಿದದ್ದು ಒಂದೇ ಗೋಡೆ, ಅದರ ಬುಡದಲ್ಲಿ ಜಮಖಾನೆ. ತಮ್ಮ ಸ್ಪೀಕರುಗಳು ಅದೇ ಗೋಡೆಯಿಂದ ಒಂದು ಮೀಟರ್ ಮುಂದೆ ಬಂದು ನಿಂತವು. ಜನ ಜಾಗ ಬದಲಿಸಲಿಲ್ಲ. ಬಂದವರು ನನಗೆ ಕೈ ಮುಗಿದು, ಹಲಗೆಗಳನ್ನು ಬಳಸಿಕೊಂಡು ಹಿಂದೆ ಹೋಗಿ, ಎಂದಿನ ಗೋಡೆಗೆ ಎಂದಿನಂತೆ ಒರಗಿದರು. ಈಗ ನನಗೆ ಹಲಗೆಗಳ ಬುಡದಲ್ಲಿ ಅವರ ಕಾಲ್ಬೆರಳು ಕಾಣುತ್ತವೆ, ನಡುವಿನ ಸಂದಿಯಲ್ಲಿ ಚಹಾದ ಕಪ್-ಬಸಿ ಕೈಯಿಂದ ಕೈಗೆ ಹೋಗುವುದು ಕಾಣುತ್ತದೆ. ಅತಿಥೇಯನಾದ ನಾನು ಮುಂದೆ ಒಬ್ಬನೇ, ಮೂಗು ನೇರ.

ಇದನ್ನೂ ಸಹಿಸಬಹುದಿತ್ತು. ಆದರೆ ಗೌತಮಿಯೂ ಅಲ್ಲೇ ಕೂಡುತ್ತಾಳೆ.

ಹತ್ತೊಂಬತ್ತು ವರ್ಷ, ರವಿವಾರ ಊಟವಾದ ಮೇಲೆ, ನಾವಿಬ್ಬರೂ ಅಡುಗೆಮನೆಯ ಗೋಡೆಯ ಮಾಡದಲ್ಲಿದ್ದ ಅಂಗೈಯಗಲದ ಟೇಪ್ ರೆಕಾರ್ಡರಿನಲ್ಲಿ ಹಾಡು ಕೇಳುತ್ತಿದ್ದೆವು. ಅದರಲ್ಲಿ ತಂಬೂರಿ ದುಂಬಿಯಂತೆ, ತಬಲಾ ರಟ್ಟಿನ ಪೆಟ್ಟಿಗೆಯಂತೆ ಕೇಳುತ್ತಿತ್ತು. ಗೌತಮಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ವಾರದ ಮೆಂತೆಪಲ್ಯ ಸೋಸುವುದು, ಅಂದರೆ ದಂಟಿನಿಂದ ಎಲೆ ಬಿಡಿಸುವುದು, ಆ ಹೊತ್ತಿನಲ್ಲೇ. ಹಾಡುವವರು ಎಲ್ಲೆಲ್ಲೋ ಅಲೆದು ಹಾಡಿನ ಮೊದಲ ಸಾಲಿಗೆ ತಿರುಗಿ ಬರುವ ಗಳಿಗೆಗೆ ತುಸು ಮೊದಲು, ಕೈಯಲ್ಲಿ ಒಂದು ದಂಟು ಹಿಡಿದು, “ಈಗ ಬರ್ತದ ನೋಡ್ರಿ” ಎನ್ನುತ್ತಿದ್ದಳು. ಬರುತ್ತಿತ್ತು. ನನಗೆ ರಾಗದ ಹೆಸರು ತಿಳಿದಿರುತ್ತಿತ್ತು, ಅವಳಿಗೆ ಅದು ಬರುವ ಹೊತ್ತು ತಿಳಿದಿರುತ್ತಿತ್ತು. ಆ ಮಾತನ್ನು ನಾನು ಏಳು ತಿಂಗಳಿಂದ ಕೇಳಿಲ್ಲ. ತಮ್ಮ ಸ್ಪೀಕರಿನಲ್ಲಿ ಕೆಮ್ಮನ್ನು ತಡೆಹಿಡಿದದ್ದು ಕೇಳುತ್ತದೆ, ಇದು ಕೇಳುವುದಿಲ್ಲ.

ನ್ಯಾಯವಾಗಿ ನಡೆಯಲು ಪ್ರಯತ್ನಿಸಿದೆ. ಒಂದು ರವಿವಾರ ಕುರ್ಚಿ ನನಗೆ, ಇನ್ನೊಂದು ರವಿವಾರ ಅವಳಿಗೆ ಎಂದು ಸರದಿ ಹಾಕಿದೆ. ಅವಳು ತನ್ನ ಸರದಿಯಂದು ಫೋಟೋ ತೆಗೆಸಿಕೊಳ್ಳುವವರಂತೆ ತೊಡೆಯ ಮೇಲೆ ಕೈಯಿಟ್ಟು ಹತ್ತು ನಿಮಿಷ ಕುಳಿತಳು. “ಭಾಳ ಛಂದ ಅದರಿ,” ಎಂದಳು, “ಎಲ್ಲಾ ಬ್ಯಾರೆ ಬ್ಯಾರೆ ಕೇಳ್ತದ. ಪಲ್ಯಾ ಸೋಸೂದದ, ನೀವ ಕೂಡ್ರಿ.” ಎದ್ದು ಹಿಂದೆ ಹೋದಳು. ಆ ವಾರವೇ ತಮಗೆ ಪತ್ರ ಬರೆಯಲು ಆರಂಭಿಸಿದ್ದು. ಮೊದಲ ಪತ್ರದಲ್ಲಿ, ಆ ಜಾಗವನ್ನು ಎರಡು ಕುರ್ಚಿ ಹಿಡಿಸುವಷ್ಟು ಅಗಲ ಮಾಡಿಕೊಡಬೇಕೆಂದು ಕೋರಿದೆ. ಎರಡನೆಯದರಲ್ಲಿ, ಅದು ಆಗದಿದ್ದರೆ ತಂತ್ರಜ್ಞರನ್ನು ಕಳಿಸಿ ನಮ್ಮ ಗೋಡೆಯನ್ನಾದರೂ ಕುರ್ಚಿಯ ಹಿಂದಕ್ಕೆ ತಂದು ಇಡಬೇಕೆಂದು ಕೋರಿದೆ. ಮೂರನೆಯದರಲ್ಲಿ, ಸರಿಯಾದ ಗಳಿಗೆಗೆ ತುಸು ಮೊದಲು “ಈಗ ಬರ್ತದ ನೋಡ್ರಿ” ಎನ್ನುವ, ಒಮ್ಮೆಯೂ ತಪ್ಪದ, ಮೂರನೆಯ ಸ್ಪೀಕರೊಂದನ್ನು ತಯಾರಿಸಲು ಸಾಧ್ಯವೇ ಎಂದು ವಿಚಾರಿಸಿದೆ. ನಕ್ಷತ್ರಗಳು ಬಂದವು.

ನಮ್ಮ ಹಿಂದಿನ ಓಣಿಯಲ್ಲಿ ಕುರಿ ಸಾಕುವ ಮನೆತನದ ಕಸ್ತೂರೆವ್ವ ಇದ್ದಾಳೆ. ರವಿವಾರ, ತಾನು ಬಾಯಾರು ಎಂದು ಕರೆಯುವ ಗೌತಮಿಯ ಜೊತೆ ಮಾತಾಡಲು ಬರುತ್ತಾಳೆ. ಕುರಿ ಹಿಂಡಿನ ಹಿಂದೆ ಬೆಳೆದವಳಾದ್ದರಿಂದ ಅವಳ ಪಿಸುಮಾತು ಎರಡು ಹೊಲ ದಾಟುತ್ತದೆ. ಹೋದ ತಿಂಗಳು ಹಲಗೆಗಳ ಹಿಂದಿನಿಂದ ನನಗೆ ಕೇಳಿದ್ದು ಹೀಗೆ.

“ಸಾಹೇಬ್ರು ಮುನಿಸ್ಕೊಂಡಾರೇನ್ರಿ ಬಾಯಾರ?”

“ಇಲ್ಲವ್ವ. ಹಾಡು ಕೇಳ್ಲಿಕ್ಕತ್ತಾರ.”

“ಹಾಡು ಇಲ್ಲೂ ಕೇಳ್ತೈತಲ್ರಿ. ಅಲ್ಲೊಬ್ಬರ ಯಾಕ ಕುಂತಾರ?”

“ಅಲ್ಲಿ ಖರೇ ಕೇಳ್ತದಂತ.”

“ಹಂಗಾರ ನಾವಿಬ್ರೂ ಸುಳ್ಳು ಕೇಳಾಕತ್ತೇವೇನು!”

ಇಬ್ಬರೂ ನಕ್ಕರು. ಆ ನಗು ಬಲಗಡೆಯ ಸ್ಪೀಕರಿನಿಂದ ಎರಡಡಿ ಹಿಂದೆ, ನೆಲದಿಂದ ಎರಡೂವರೆ ಅಡಿ ಎತ್ತರದಿಂದ ಬಂತು. ಸ್ಥಾನ ನಿಖರವಾಗಿತ್ತು.

ಗೊಳಸಂಗಿಯಲ್ಲಿ ಒಮ್ಮೆ ಅಣ್ಣತಮ್ಮಂದಿರಿಬ್ಬರ ಹೊಲ ಅಳೆದಿದ್ದೆ. ಜಗಳವೇನೂ ಇರಲಿಲ್ಲ, ಸರಿಯಾಗಿ ಗೊತ್ತಿರಲಿ ಎಂದಷ್ಟೇ ಕರೆಸಿದ್ದರು. ಅಳತೆ ಸರಿಯಾಗಿತ್ತು, ಹದ್ದಿನ ಕಲ್ಲು ನೆಟ್ಟೆವು, ಇಬ್ಬರೂ ಒಪ್ಪಿ ಸಹಿ ಮಾಡಿದರು. ಮರುವರ್ಷ ಆ ದಾರಿಯಲ್ಲಿ ಹೋಗುವಾಗ ನೋಡಿದೆ: ಒಂದೇ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚುತ್ತಿದ್ದವರು ತಮ್ಮ ತಮ್ಮ ಕಲ್ಲಿನ ಒಳಗೆ, ಬಿಸಿಲಿನಲ್ಲಿ ಉಣ್ಣುತ್ತಿದ್ದರು. ಅಳತೆಯಲ್ಲಿ ತಪ್ಪು ಹುಡುಕಿದೆ. ಇರಲಿಲ್ಲ. ಇದನ್ನು ತಮಗೆ ಯಾಕೆ ಹೇಳುತ್ತಿದ್ದೇನೆಂದು ಖಚಿತವಾಗಿ ಗೊತ್ತಿಲ್ಲ.

ಹೋದ ರವಿವಾರ ಕೈಪಿಡಿಯನ್ನು ಮೊದಲಿನಿಂದ ಓದಿದೆ. ನಾಲ್ಕನೇ ಪುಟದಲ್ಲಿ ತಮ್ಮವರೇ ಬರೆದಿದ್ದಾರೆ: ಈ ಸ್ಪೀಕರಿಗೆ ಡಬ್ಬಿ ಇಲ್ಲದಿರುವುದರಿಂದ ಧ್ವನಿ ಮುಂದೆ ಎಷ್ಟೋ ಹಿಂದೆಯೂ ಅಷ್ಟೇ ಹೋಗುತ್ತದೆ. ನಾಲ್ಕನೇ ಪುಟದಲ್ಲಿ ಎರಡೂ ಬದಿಗೆ ಸಮಪಾಲು. ಹನ್ನೊಂದನೇ ಪುಟದಲ್ಲಿ ಒಂದೇ ಬದಿಗೆ ತಲೆ. ನಮ್ಮ ಇಲಾಖೆಯಲ್ಲಿ ಇದಕ್ಕೆ ನಕ್ಷೆಗೂ ದಾಖಲೆಗೂ ತಾಳೆಯಾಗುವುದಿಲ್ಲ ಎನ್ನುತ್ತಾರೆ, ಮತ್ತು ಇಂಥಲ್ಲಿ ಅಧಿಕಾರಿ ಖುದ್ದಾಗಿ ಸ್ಥಳಕ್ಕೆ ಹೋಗಿ ನೋಡಬೇಕು.

ಕುರ್ಚಿಯಿಂದ ಎದ್ದು ಹಿಂದೆ ಹೋದೆ. “ಇಳೀತ್ರಿ ಬಾಯಾರ, ಸಾಹೇಬ್ರ ಮುನಿಸು ಇಳೀತು” ಎಂದು ಕಸ್ತೂರೆವ್ವ ಸರಿದು ಜಾಗ ಮಾಡಿದಳು. ಗೌತಮಿ ಪಲ್ಯ ಹರವಿದ ಅಗಲ ತಾಟಿನ ಪರಾತವನ್ನು ನನ್ನ ಕಡೆಗೆ ಅರ್ಧ ತಳ್ಳಿ, “ಬರೇ ಕೂಡಬ್ಯಾಡ್ರಿ” ಎಂದಳು. ಗೋಡೆಗೆ ಒರಗಿದೆ. ವರದಿ ಹೀಗಿದೆ: ಬಲಗೈಗೆ ಇರಬೇಕಾದ ತಬಲಾ ಎಡಗೈಗೆ ಬಂದಿತ್ತು. ಹಾಡುವವರು ನಮಗೆ ಬೆನ್ನು ಮಾಡಿ ಬೇರೆ ಯಾರಿಗೋ ಹಾಡುತ್ತಿರುವಂತೆ ಇತ್ತು. ತಂಬೂರಿ ಕಿವಿಗಿಂತ ಹೆಚ್ಚಾಗಿ ಗೋಡೆಯ ಮೂಲಕ ಬೆನ್ನಿಗೆ ಕೇಳುತ್ತಿತ್ತು. ಉಸಿರು, ಬೆರಳು, ಕೆಮ್ಮು, ಯಾವುದೂ ಸ್ಪಷ್ಟವಿರಲಿಲ್ಲ. ಎಲ್ಲ ಒಂದರಲ್ಲೊಂದು ಕಲಸಿಹೋಗಿತ್ತು. ನಾನು ಎಲೆ ಬಿಟ್ಟು ದಂಟು ಉಳಿಸಿಕೊಳ್ಳುತ್ತಿರುವುದನ್ನು ಕಸ್ತೂರೆವ್ವ ಎರಡು ಸಲ ತೋರಿಸಿಕೊಟ್ಟಳು. ಹಾಡು ಎಲ್ಲೆಲ್ಲೋ ಹೋಗಿ, ಇನ್ನು ತಿರುಗಿ ಬಾರದೇನೋ ಎನ್ನುವಷ್ಟು ದೂರ ಹೋಯಿತು. ಗೌತಮಿಯ ಕೈ ನಿಂತಿತು.

“ಈಗ ಬರ್ತದ ನೋಡ್ರಿ.”

ಬಂತು.

ಆದ್ದರಿಂದ ಮಾನ್ಯರಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಹನ್ನೊಂದನೇ ಪುಟದ ನಕ್ಷೆಯನ್ನು ದುರಸ್ತಿ ಮಾಡಬೇಕು. ಸ್ಪೀಕರುಗಳ ಹಿಂದೆ, ಗೋಡೆಗೆ ಬೆನ್ನು ಹಚ್ಚಿದಂತೆ, ಮೂರು ತಲೆಗಳನ್ನು ಬರೆಯಬೇಕು. ಅವುಗಳ ನಡುವೆ ಒಂದು ಪರಾತವನ್ನು ಅಳತೆಗೆ ಸರಿಯಾಗಿ ತೋರಿಸಬೇಕು. ಮೂಗುಗಳು ಯಾವ ಕಡೆಗಾದರೂ ಇರಲಿ. ಸ್ಥಳತನಿಖೆಗೆ ತಾವೇ ಬರುವುದಾದರೆ ಝಳಕಿಯಲ್ಲಿ ಇಳಿಯಿರಿ, ಟಂಟಂ ಸಿಗುತ್ತದೆ.

ಗೋಡೆಗೆ ಬೆನ್ನು ಕೊಟ್ಟ ತಮ್ಮ ವಿಶ್ವಾಸಿ,
ಜಯತೀರ್ಥ
ಇಂಡಿ

ತಾ.ಕ.: ತಾವು ಗುರುತಿಸಿಕೊಟ್ಟ ಜಾಗವನ್ನು ನಾವು ಕೆಡಿಸಿಲ್ಲ, ಕುರ್ಚಿ ಅಲ್ಲೇ ಇದೆ. ಈಗ ಅದರ ಮೇಲೆ ಒಗೆದ ಬಟ್ಟೆ ಮಡಚಿ ಇಡುತ್ತೇವೆ. ಧ್ವನಿಯ ಗುಣಮಟ್ಟದ ಬಗ್ಗೆ ಬಟ್ಟೆಗಳಿಂದ ಈವರೆಗೆ ಒಂದೂ ದೂರು ಬಂದಿಲ್ಲ; ಅವುಗಳ ಪರವಾಗಿ ಐದಕ್ಕೆ ಐದು ನಕ್ಷತ್ರ ಹಾಕಿಕೊಳ್ಳಬಹುದು.