ನೀಲಿ ಬಾಟ್ಲಿಯ ಪಾಯಸ

ಕೆಲವರಿಗೆ ಬಂಗಾರ ಕಂಡರೆ ಜೀವ ಹಾತೊರೆಯುತ್ತದೆ, ಕೆಲವರಿಗೆ ಸೀರೆ ಕಂಡರೆ. ನನಗೆ ಖಾಲಿ ಬಾಟ್ಲಿ ಕಂಡರೆ. ಗಾಜಿನದಾಗಿರಬೇಕು, ಹಳೆಯದಾಗಿರಬೇಕು, ಬೆಳಕಿಗೆ ಹಿಡಿದರೆ ಗಾಜಿನೊಳಗೆ ಒಂದಾದರೂ ಗಾಳಿಗುಳ್ಳೆ ಕಾಣಬೇಕು. ಬೂಚು ಇಲ್ಲದಿದ್ದರೂ ನಡೆಯುತ್ತದೆ. ಬಾಯಲ್ಲಿ ಹಲ್ಲಿಲ್ಲ ಎಂದು ನನ್ನನ್ನು ಯಾರೂ ಬಿಸಾಡಿಲ್ಲವಲ್ಲ. ಈ ಚಟಕ್ಕಾಗಿ ನಾನು ಜೀವನವಿಡೀ ಬೈಸಿಕೊಂಡಿದ್ದೇನೆ. ಈಗ ಅದೇ ಚಟದಿಂದ ನನ್ನ ತಲೆ ಮುಗಿಲು ಮುಟ್ಟಿದೆ. ನವನಗರದ ನಮ್ಮ ಓಣಿಯವರೆಲ್ಲ ಈ ಸುದ್ದಿ ಕೇಳಿ ಮುಗಿಸಿದ್ದಾರೆ. ಎದುರುಮನೆಯ ಶಾಂತವ್ವನಂತೂ ನನ್ನನ್ನು ಕಂಡ ಕೂಡಲೇ "ಒಲಿ ಮ್ಯಾಲೆ ಹಾಲ ಇಟ್ಟೇನ್ರಿ" ಎಂದು ಒಳಗೆ ಓಡುತ್ತಾಳೆ. ಅವರ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಹಾಲು ಕಾಯುತ್ತದೋ ದೇವರೇ ಬಲ್ಲ. ಆದ್ದರಿಂದ ಉಳಿದವರು ನೀವೇ. ನಿಮ್ಮ ಒಲೆಯ ಮೇಲೆ ಏನಿದ್ದರೂ ಇಳಿಸಿ ಬಂದು ಕೂಡಿರಿ.

ನಾನು ಹುಟ್ಟಿದ್ದು ಇಳಕಲ್ಲಿನ ನೇಕಾರರ ಮನೆಯಲ್ಲಿ. ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತಲು ಕೈ ಕಡಿಮೆ ಬಿದ್ದದ್ದರಿಂದ ನಾಲ್ಕನೇ ಇಯತ್ತೆಗೇ ನನ್ನ ಸಾಲಿ ಮುಗಿಯಿತು. ಕೊಟ್ಟದ್ದು ಬಾಗಲಕೋಟೆಗೆ. ನಮ್ಮ ಯಜಮಾನರು ಹಳೇ ಊರಿನ ಪೇಟೆಯಲ್ಲಿ ಇಳಕಲ್ ಸೀರೆ ಮಾರುತ್ತಿದ್ದರು. ಮುಂದೆ ಅಣೆಕಟ್ಟಿನ ಹಿನ್ನೀರು ಬರುತ್ತದೆ, ಊರು ಬಿಟ್ಟು ನವನಗರಕ್ಕೆ ನಡೆಯಿರಿ ಎಂದು ಸರಕಾರದವರು ಹೇಳಿದರು. ಜನ ಬಾಗಿಲು, ಚೌಕಟ್ಟು, ತೊಲೆ ಎಲ್ಲ ಕಿತ್ತು ಲಾರಿಗೆ ಹೇರಿದರು. ಹಾಗೆ ಕೀಳುವಾಗ ಅಟ್ಟದಿಂದ, ಗೋಡೆಯ ಮಾಡದಿಂದ, ಅಜ್ಜಂದಿರ ಕಾಲದ ಬಾಟ್ಲಿಗಳು ಹೊರಗೆ ಬಿದ್ದವು. ಶಾಯಿಯವು, ಅತ್ತರಿನವು, ಔಷಧಿಯ ಅಳತೆಗೆರೆ ಇದ್ದಂಥವು, ಕೊರಳಲ್ಲಿ ಗೋಲಿ ಸಿಕ್ಕ ಸೋಡಾದವು. ಯಾರಿಗೂ ಬೇಡವಾದವು. ಊರವರು ಲಾರಿ ಹತ್ತಿ ಕಣ್ಣೀರು ಹಾಕುತ್ತಿದ್ದಾಗ ನಾನು ಉಡಿಯಲ್ಲಿ ಬಾಟ್ಲಿ ತುಂಬಿಕೊಂಡು ಓಣಿಯಿಂದ ಓಣಿಗೆ ಓಡಾಡುತ್ತಿದ್ದೆ. ನನಗೂ ಅಳು ಬರುತ್ತಿತ್ತು, ಆದರೆ ಕೈ ಖಾಲಿ ಇರಲಿಲ್ಲ.

ನವನಗರದ ಮನೆ ಚೊಕ್ಕ, ಆದರೆ ಅದಕ್ಕೆ ಅಟ್ಟವಿಲ್ಲ. ಬಾಟ್ಲಿಗಳು ಮಂಚದ ಕೆಳಗೆ, ಅಲಮಾರಿಯ ಮೇಲೆ, ಕೊನೆಗೆ ಯಜಮಾನರ ಕುರ್ಚಿಯ ಸುತ್ತ ಬಂದು ನಿಂತವು. ಒಂದು ದಿನ ಅವರು ಕಾಲು ಚಾಚಿದಾಗ ಸೋಡಾ ಬಾಟ್ಲಿಯೊಂದು ಉರುಳಿ, ಅದನ್ನು ತಪ್ಪಿಸಲು ಹೋಗಿ ಇವರು ಉರುಳಿದರು. ಬಾಟ್ಲಿಗೆ ಏನೂ ಆಗಲಿಲ್ಲ. ನಾನು ಮೊದಲು ಅದನ್ನೇ ಎತ್ತಿ ನೋಡಿದ್ದು ಅವರ ಮನಸ್ಸಿಗೆ ಹತ್ತಿತು.

"ಸಾಕು! ನಾಳಿಗೇ ಮೋಡ್ಕಾದವನ್ನ ಕರಸ್ತೇನಿ. ಎಲ್ಲಾ ಅವನ ಗಾಡಿಗಿ ಹೋಗ್ಲಿ," ಎಂದರು.

ಮೋಡ್ಕಾದವನು, ಅಂದರೆ ಗುಜರಿಯವನು, ಬಾಟ್ಲಿಯನ್ನು ಬಾಟ್ಲಿಯೆಂದು ಒಯ್ಯುವುದಿಲ್ಲ. ಚೀಲದಲ್ಲಿ ಹಾಕಿ ಕಲ್ಲಿನಿಂದ ಜಜ್ಜಿ ಚೂರಿನ ತೂಕಕ್ಕೆ ಒಯ್ಯುತ್ತಾನೆ. ಆಗ ನನ್ನ ಕಡೆ ನಿಂತವಳು ಮೊಮ್ಮಗಳು ನೀಲಾ. ಡಿಗ್ರಿ ಓದುತ್ತಾಳೆ, ಹೊರಗೆ ಕಂಪ್ಯೂಟರ್ ಕಲಿತಿದ್ದಾಳೆ, ಮಾತಿನಲ್ಲಿ ನನ್ನನ್ನೇ ಹೋಲುತ್ತಾಳೆ.

"ಮುತ್ಯಾ, ಇವನ್ನ ಕೂಡ್ಸೂ ಮಂದಿ ಅದಾರ. ಇಂಟರ್ನೆಟ್‌ನ್ಯಾಗ ಹರಾಜಿನ ಸವಾಲಿಗಿ ಇಡ್ತಾರ," ಎಂದಳು.

"ಖಾಲಿ ಬಾಟ್ಲಿಗಿ ಸವಾಲೇನ? ಯಾವ ಹುಚ್ಚ ಕೂಗ್ತಾನ?"

"ಆಯಿಯಂಥಾ ಹುಚ್ಚರು ಎಲ್ಲಾ ಊರಾಗೂ ಇರ್ತಾರ ಮುತ್ಯಾ."

ನನ್ನನ್ನು ಹೊಗಳಿದಳೋ ತೆಗಳಿದಳೋ ತಿಳಿಯಲಿಲ್ಲ. ಯಜಮಾನರು ಸ್ವಲ್ಪ ಹೊತ್ತು ಮೀಸೆ ತಿಕ್ಕಿ ತಮ್ಮ ಪೇಟೆಯ ನ್ಯಾಯ ಹೇಳಿದರು: "ಒಂದ ಬಾಟ್ಲಿ ಮಾರಿ ತೋರಸ್ರಿ. ಆದ್ರ ಮಾಲು ವಾಪಸ್ ಬರಬಾರ್ದು, ಗಿರಾಕಿ ಬಾಯಾಗ ಕೆಟ್ಟ ಮಾತ ಬರಬಾರ್ದು. ವಾಪಸ್ ಬಂದ ಸೀರಿ ವ್ಯಾಪಾರ ಅಲ್ಲ. ಹಂಗಾದ್ರ ಒಂದೂ ಉಳಿಯೂದಿಲ್ಲ, ಎಲ್ಲಾ ಮೋಡ್ಕಾಕ್ಕ."

ನೀಲಾ ಎಲ್ಲವನ್ನೂ ಸಾಲಾಗಿ ನಿಲ್ಲಿಸಿ ಒಂದನ್ನು ಆರಿಸಿದಳು. ಕಡುನೀಲಿ, ಆರು ಮೂಲೆ, ಮೈತುಂಬ ಉಬ್ಬುಗೆರೆ, ಒಂದು ಪಕ್ಕಕ್ಕೆ ಉಬ್ಬಿದ ಇಂಗ್ಲಿಷ್ ಅಕ್ಷರ. ಹಳೇ ಊರಿನ ಒಬ್ಬ ಕಂಪೌಂಡರನ ಮನೆಯ ಮಾಡದಲ್ಲಿ ಸಿಕ್ಕದ್ದು. ನಾನು ಅದರಲ್ಲಿ ಇಂಗು ಇಡುತ್ತಿದ್ದೆ. ಎಣ್ಣೆಗೈಯಲ್ಲಿ ಹಿಡಿದರೆ ಜಾರಬಾರದೆಂದೇ ಆ ಗೆರೆ ಮಾಡಿದ್ದಾರೆ, ಎಂಥ ಬುದ್ಧಿವಂತರು ಎಂದು ಎಷ್ಟೋ ಸಲ ಮೆಚ್ಚಿಕೊಂಡಿದ್ದೆ. ನೀಲಾ ಅಕ್ಷರ ಓದಿ ಕುಣಿದಳು. "ಆಯಿ, ಪಾಯ್ಸನ್ ಬಾಟ್ಲಿ ಐತಿ ಇದು! ಇದಕ್ಕ ಭಾಳ ಬೇಡಿಕಿ!"

ನನ್ನ ಕಿವಿ ಸ್ವಲ್ಪ ಮಂದ. ನನಗೆ ಕೇಳಿಸಿದ್ದು 'ಪಾಯಸನ ಬಾಟ್ಲಿ'. ಬಿಳಿ ಮಂದಿ ಪಾಯಸವನ್ನು ಬಾಟ್ಲಿಯಲ್ಲಿ ಕುಡಿಯುತ್ತಿದ್ದರು ಎಂದು ತಿಳಿದುಕೊಂಡೆ. ಇಷ್ಟು ಚಿಕ್ಕ ಬಾಟ್ಲಿಯಲ್ಲಿ ಎಷ್ಟು ಪಾಯಸ ಹಿಡಿಸೀತು ಎಂದು ಮರುಕವೂ ಬಂತು. ನಮ್ಮಲ್ಲಿ ಪಾಯಸದಂಥ ಗೋದಿ ಹುಗ್ಗಿಯನ್ನು ಕೊಳಗದಲ್ಲಿ ಮಾಡಿ ಬಡಿಸುತ್ತೇವೆ. ಅವರು ಊರು ಬಿಟ್ಟು ಊರು ಆಳಲು ಬಂದದ್ದು ಹಸಿವಿಗೇ ಇರಬೇಕು.

ಗೆಳತಿಯ ಕ್ಯಾಮೆರಾ ತಂದು ಚಿತ್ರ ತೆಗೆದು, ಇಂಟರ್ನೆಟ್ ಸೆಂಟರಿನಲ್ಲಿ ಕುಳಿತು ನೀಲಾ ಬಾಟ್ಲಿಯನ್ನು ಸವಾಲಿಗೆ ಇಟ್ಟಳು. ಸವಾಲು ಎಂದರೆ ನನಗೆ ಗೊತ್ತಿದ್ದುದು ಗಣಪ್ಪನ ಮುಂದಿನ ತೆಂಗಿನಕಾಯಿಯದು. ಒಮ್ಮೆ ನಮ್ಮ ಯಜಮಾನರು ಪಕ್ಕದ ಅಂಗಡಿಯವರ ಮೇಲಿನ ಹಟಕ್ಕೆ ಕೂಗಿ ಕೂಗಿ ಒಂದು ಕಾಯಿ ಗೆದ್ದು ತಂದರು. ಒಡೆದರೆ ಒಳಗೆ ಕೊಳೆತಿತ್ತು. "ದೇವರ ಪ್ರಸಾದ" ಎಂದು ಅದನ್ನೂ ಸಾರಿಗೆ ಹಾಕಿಸಿದರು. ಆದರೆ ಕಂಪ್ಯೂಟರಿನ ಸವಾಲಿಗೆ ಸದ್ದೇ ಇಲ್ಲ. ಕೂಗುವವರ ಮುಖ ಕಾಣುವುದಿಲ್ಲ, ಹಟ ಮಾತ್ರ ಕಾಣುತ್ತದೆ. ಸವಾಲು ಮುಗಿಯುವ ಮಧ್ಯಾಹ್ನ ನೀಲಾ ನನ್ನನ್ನೂ ಕರೆದೊಯ್ದಳು. ನಾನು ಹೋಗುವಾಗ ಬಾಟ್ಲಿಯ ಬೆಲೆ ಕುಪ್ಪಸ ಹೊಲಿಸುವ ಒಂದು ಗುಳೇದಗುಡ್ಡ ಖಣದಷ್ಟಿತ್ತು. ನೀರು ಕುಡಿದು ಕುಳಿತುಕೊಳ್ಳುವುದರೊಳಗೆ ಹತ್ತಿ ಸೀರೆಯಾಯಿತು. ಕೋಲ್ಕತ್ತದವನೊಬ್ಬ, ಪುಣೆಯವನೊಬ್ಬ ಹಟಕ್ಕೆ ಬಿದ್ದರು. ನೋಡನೋಡುತ್ತಿದ್ದಂತೆ ರೇಷ್ಮೆ ಸೆರಗು ಬಂತು, ಅಂಚು ಅಗಲವಾಯಿತು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಒಂದ್ ಸಾರಿ! ಎರಡ್ ಸಾರಿ!" ಎಂದು ಕೂಗಿದೆ. ಪರೀಕ್ಷೆಯ ಫಲಿತಾಂಶ ನೋಡಲು ಬಂದಿದ್ದ ಹುಡುಗರೆಲ್ಲ ತಿರುಗಿ ನೋಡಿದರು. "ಆಯಿ, ಕೂಡ ಬೇ, ಮರ್ಯಾದಿ ಹೋಗ್ತೈತಿ!" ಎಂದು ನೀಲಾ ಸೆರಗು ಜಗ್ಗಿದಳು. "ಮೂರ್ ಸಾರಿ" ಎನ್ನುವಷ್ಟರಲ್ಲಿ ಪುಣೆಯವರು ಗೆದ್ದರು. ಅಪ್ಪಟ ರೇಷ್ಮೆಯ ಇಳಕಲ್ ಸೀರೆಯ ಬೆಲೆಗೆ!

ಮರುದಿನ ನೀಲಾಗೆ ಪರೀಕ್ಷೆ. ಬಾಟ್ಲಿಯನ್ನು ಕಟ್ಟಿ ಅಂಚೆಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ತವರಿನಿಂದ ತಂದ ಮಗ್ಗದ ನೂಲಿನ ಚಿಂದಿಯನ್ನು ಪೆಟ್ಟಿಗೆಯಲ್ಲಿ ಮೆತ್ತಗೆ ಹಾಸಿದೆ. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ಬಿಸಿಲಿಗೆ ಒಣಗಿಸಿ ಬಾಟ್ಲಿಯನ್ನು ಕೈಯಲ್ಲಿ ಹಿಡಿದೆ. ಒಳಗೆ ಇಡಲು ಹೋದರೆ ಮನಸ್ಸು ಒಪ್ಪಲಿಲ್ಲ. ಬರಿದಾದ ಪಾತ್ರೆಯನ್ನು ಒಬ್ಬರ ಮನೆಗೆ ಕಳಿಸುವುದೇ? ನೆರೆಮನೆಯ ಬಟ್ಟಲು ತಿರುಗಿ ಕೊಡುವಾಗಲೂ ನಾಲ್ಕು ಕಾಳು ಸಕ್ಕರೆಯಾದರೂ ಹಾಕಿ ಕೊಡುವ ಮನೆತನ ನಮ್ಮದು. ಅದೂ ಪಾಯಸ ಕುಡಿಯುವ ಬಾಟ್ಲಿ, ಅಷ್ಟು ದೂರದ ಮಂದಿ, ಮೊದಲ ವ್ಯವಹಾರ. ಪಾಯಸ ಹಾಕಿದರೆ ದಾರಿಯಲ್ಲಿ ಹುಳಿಯುತ್ತದೆ. ಯೋಚಿಸಿ, ಹಿಂದಿನ ದಿನ ಕುಟ್ಟಿದ ಗುರೆಳ್ಳ, ಅಂದರೆ ಹುಚ್ಚೆಳ್ಳ, ಚಟ್ನಿಪುಡಿಯನ್ನು ಕಂಠಮಟ ತುಂಬಿ, ಬೂಚು ಬಡಿದು, ನಾನೇ ಅಂಚೆ ಕಚೇರಿಗೆ ಹೋಗಿ ಕಳಿಸಿ ಬಂದೆ. ಗುರೆಳ್ಳ ಚಟ್ನಿ ನೋಡಲು ಇದ್ದಿಲ ಪುಡಿಯಂತೆ ಕಪ್ಪಗೆ. ರುಚಿ ಮಾತ್ರ ರೊಟ್ಟಿಯೇ ಬಲ್ಲದು.

ಸಂಜೆ ಊಟಕ್ಕೆ ಕುಳಿತಾಗ ನೀಲಾ ಕೇಳಿದಳು, "ಆಯಿ, ಗುರೆಳ್ಳ ಚಟ್ನಿ ಎಲ್ಲೈತಿ?"

"ತೀರಿತ ಯವ್ವಾ. ಪುಣೆಕ್ಕ ಹೋತು."

"ಪುಣೆಕ್ಕ?"

"ಬರೇ ಬಾಟ್ಲಿ ಹೆಂಗ ಕಳಸೂದು? ಪಾಯಸನ ಬಾಟ್ಲ್ಯಾಗ ತುಂಬಿ ಕಳಿಸೇನಿ."

ನೀಲಾಳ ಕೈಯಲ್ಲಿದ್ದ ರೊಟ್ಟಿ ತುತ್ತು ಅಲ್ಲಿಯೇ ನಿಂತಿತು. "ಯಾ ಪಾಯಸ ಆಯಿ? ಪಾಯ್ಸನ್ ಅಂದ್ರ ವಿಷ! ಕತ್ತಲ್ಯಾಗೂ ಕೈಗಿ ಹತ್ತಿ ಗೊತ್ತಾಗ್ಲಿ ಅಂತನ ಆ ಗೆರಿ ಮಾಡಿರ್ತಾರ. ನೀ ವಿಷದ ಬಾಟ್ಲ್ಯಾಗ ಕರೇ ಪುಡಿ ತುಂಬಿ ಕಳಸೀದಿ!"

ಯಜಮಾನರು ಮೊದಲು ಕೆಮ್ಮಿದರು, ಆಮೇಲೆ ನಕ್ಕರು, ನಕ್ಕು ನಕ್ಕು ಕಟ್ಟಿಸಿದ ಹಲ್ಲು ಕೈಗೆ ಬಂತು. ಹಲ್ಲನ್ನು ತೊಳೆದು ಹಾಕಿಕೊಂಡು ಹೇಳಿದರು: "ಬಾಟ್ಲಿ ವಾಪಸ್ ಬರೂದಿಲ್ಲ ಬಿಡು. ಅದರ ಬದ್ಲಿ ಪೊಲೀಸರು ಬರ್ತಾರ. ಒಂದ ಚಲೋ ಸೀರಿ ಉಟಗೊಂಡ ಕುಂದ್ರು."

"ಆ ಬಾಟ್ಲ್ಯಾಗಿನ ಇಂಗ ಇಷ್ಟ ವರ್ಷ ತಿಂದೀರಲ್ರಿ, ನಿಮಗೇನಾತು?" ಎಂದೆ.

ಅವರ ನಗು ಒಮ್ಮೆಲೇ ನಿಂತು, ಕೈ ಹೊಟ್ಟೆಯ ಮೇಲೆ ಹೋಯಿತು. ಅಷ್ಟರಮಟ್ಟಿಗೆ ಆ ಸಂಜೆ ನನ್ನದೇ ಗೆಲುವು. ಆದರೆ ಆಮೇಲಿನ ದಿನಗಳು ಹೇಗೆ ಹೋದವೋ ಕೇಳಬೇಡಿ. ಗಿರಾಕಿ ಒಂದು ಕೆಟ್ಟ ಮಾತು ಬರೆದರೆ ಅದು ಜಗತ್ತಿಗೇ ಕಾಣುತ್ತದಂತೆ, ಮತ್ತೆ ಯಾರೂ ನಮ್ಮ ಮಾಲು ಮುಟ್ಟುವುದಿಲ್ಲವಂತೆ. ಎಲ್ಲಕ್ಕಿಂತ ಮೊದಲು, ನನ್ನ ಬಾಟ್ಲಿಗಳು ಚೀಲ ಸೇರಿ ಚೂರಾಗುತ್ತವೆ. ಯಜಮಾನರು ಮೋಡ್ಕಾದವನಿಗೆ ರವಿವಾರ ಬಾ ಎಂದು ಹೇಳಿಯೂ ಬಿಟ್ಟರು. ನಾನು ಒಂದೊಂದೇ ಬಾಟ್ಲಿ ತೆಗೆದು ಒರೆಸಿ ಇಡುತ್ತಿದ್ದೆ. ಗಂಡನ ಮನೆಗೆ ಹೊರಟ ಮಗಳಿಗೆ ತಲೆ ಬಾಚಿದ ಹಾಗೆ.

ರವಿವಾರ ಬಂತು, ಗಾಡಿಯೂ ಬಂತು. ನೀಲಾ ಮುಂಜಾನೆಯೇ ಇಂಟರ್ನೆಟ್ ಸೆಂಟರಿಗೆ ಹೋಗಿದ್ದಳು. ಮೋಡ್ಕಾದವನು ಚೀಲ ಬಿಚ್ಚುತ್ತಿದ್ದ. ಯಜಮಾನರು ಸೋಡಾ ಬಾಟ್ಲಿಯೊಂದನ್ನು ಎತ್ತಿ ಅವನ ಕೈಗೆ ಕೊಟ್ಟಿದ್ದಷ್ಟೇ, ಓಣಿಯ ತುದಿಯಿಂದ ಕೂಗು ಕೇಳಿತು. "ಮುತ್ಯಾ, ಕೊಡಬ್ಯಾಡ! ಕೊಡಬ್ಯಾಡ!" ಡಿಗ್ರಿ ಓದುವ ಹುಡುಗಿ ಕಾಲಲ್ಲಿ ಒಂದೇ ಚಪ್ಪಲಿ ಹಾಕಿಕೊಂಡು, ಕೈಯಲ್ಲಿ ಒಂದು ಹಾಳೆ ಹಿಡಿದುಕೊಂಡು ಓಡಿ ಬಂದಳು. ಪುಣೆಯವರು ಇಂಗ್ಲಿಷಿನಲ್ಲಿ ಬರೆದದ್ದನ್ನು ಏದುಸಿರು ಬಿಡುತ್ತಲೇ ಕನ್ನಡದಲ್ಲಿ ಓದಿದಳು:

ಬಾಟ್ಲಿ ಚಿತ್ರದಲ್ಲಿದ್ದ ಹಾಗೆಯೇ ಇದೆ, ಒಂದು ಚೂರೂ ಮುಕ್ಕಾಗಿಲ್ಲ. ಇಷ್ಟು ವರ್ಷದಿಂದ ವಿಷದ ಬಾಟ್ಲಿ ಕೂಡಿಸುತ್ತಿದ್ದೇನೆ, ಒಳಗಿನ ಮಾಲಿನ ಸಮೇತ ಬಂದದ್ದು ಇದೇ ಮೊದಲು. ನಾನು ಹೆದರಿ ದೂರ ನಿಂತಿದ್ದೆ. ನನ್ನ ಹೆಂಡತಿಯ ತವರು ಸೊಲ್ಲಾಪುರದ ಕಡೆಯದು. ಆಕೆ ಬೂಚು ತೆಗೆದು ಮೂಸಿ ನೋಡಿ, "ಅಯ್ಯ, ಇದು ನಮ್ಮವ್ವ ಮಾಡುತ್ತಿದ್ದ ಚಟ್ನಿ!" ಎಂದು ಬಾಟ್ಲಿ ಕಸಿದುಕೊಂಡು ಅಡುಗೆಮನೆಗೆ ಹೋದಳು. ನನಗೆ ತಿರುಗಿ ಸಿಕ್ಕಿದ್ದು ಖಾಲಿ ಬಾಟ್ಲಿ. ಕೊನೆಯ ಚಿಟಿಕೆ ನಾನೂ ತಿಂದೆ. ವಿಷ ಬಹಳ ರುಚಿಯಾಗಿತ್ತು. ಬಾಟ್ಲಿಗೆ ಐದೂ ನಕ್ಷತ್ರ ಕೊಟ್ಟಿದ್ದೇನೆ. ಚಟ್ನಿಗೆ ಕೊಡಲು ಇಲ್ಲಿ ಜಾಗ ಇಲ್ಲ. ಇಂಥ ಇನ್ನೊಂದು ಬಾಟ್ಲಿ ಇದ್ದರೆ ತಿಳಿಸಿರಿ. ತುಂಬಿದ್ದೇ ಆಗಬೇಕು ಎಂದು ಹೆಂಡತಿ ಹೇಳುತ್ತಾಳೆ.

ನನಗೆ ನಗು, ಅಳು ಎರಡೂ ಒಂದೇ ಬಾಗಿಲಲ್ಲಿ ನುಗ್ಗಿದವು. ಯಜಮಾನರು ಪೇಟೆಯಲ್ಲಿ ಹಣ್ಣಾದ ಮನುಷ್ಯ. ತಿರುಗಿ ಬರುವ ಗಿರಾಕಿಯ ಬೆಲೆ ಅವರಿಗೆ ಗೊತ್ತು. ಮೋಡ್ಕಾದವನ ಕಡೆ ತಿರುಗಿ, "ಏನಲೇ, ಆ ಸೋಡಾ ಬಾಟ್ಲಿ ಮೆಲ್ಲಕ ಕೆಳಗ ಇಡು. ಅದು ಮೋಡ್ಕಾ ಅಲ್ಲ, ಮಾಲು!" ಎಂದು ಗದರಿದರು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ವಸ್ತುವಿಗೆ ಅವರು ಮಾಲು ಎಂದದ್ದು ಅದೇ ಮೊದಲು. ಶಾಂತವ್ವನ ಮನೆಗೆ ಆ ಕ್ಷಣವೇ ಹೋಗಿ ಹೇಳಿದೆ. ಅಂದು ನಿಜವಾಗಿಯೂ ಆಕೆ ಹಾಲಿಟ್ಟಿದ್ದಳು, ಉಕ್ಕಿಯೇ ಹೋಯಿತು.

ಈಗ ನಮ್ಮದು ಜೋರು ವ್ಯಾಪಾರ. ಕಲಾದಗಿ, ಹುನಗುಂದ, ಬಾದಾಮಿ ಎನ್ನದೆ ಹಳೇ ಮನೆ ಕೆಡವುವ ಸುದ್ದಿ ಬಂದಲ್ಲಿಗೆ ಯಜಮಾನರೇ ಚೀಲ ಹಿಡಿದು ಹೋಗುತ್ತಾರೆ. ನೀಲಾ ಸವಾಲಿಗೆ ಇಡುತ್ತಾಳೆ. ನಾನು ಚಟ್ನಿ ಕುಟ್ಟುತ್ತೇನೆ. ಅದನ್ನು ಮಾತ್ರ ಬೇರೆ ಡಬ್ಬಿಯಲ್ಲಿ ಕಳಿಸಬೇಕೆಂದು ನೀಲಾಳ ಕಟ್ಟಪ್ಪಣೆ. ಇನ್ನು ಮೋಸ ಹೋಗಬಾರದೆಂದು 'ಪಾಯ್ಸನ್' ಎಂಬ ಆ ಒಂದು ಇಂಗ್ಲಿಷ್ ಶಬ್ದದ ಅಕ್ಷರಗಳನ್ನೂ ಗುರುತು ಹಿಡಿಯಲು ಕಲಿತಿದ್ದೇನೆ: ತಲೆಯ ಬಳಿ ಗಂಟಿದ್ದ ಕೋಲು, ಬಳೆ, ಕಂಬ, ಹಾವು, ಮತ್ತೊಂದು ಬಳೆ, ಕೊನೆಗೆ ಡೊಂಕಾದ ಏಣಿ. ನಾಲ್ಕನೇ ಇಯತ್ತೆಯವಳು ಇಂಗ್ಲಿಷ್ ಓದುತ್ತಾಳೆ ಎಂಬ ಹಿಗ್ಗಿನಲ್ಲಿ ಮನೆಯ ಬಾಟ್ಲಿಗಳನ್ನೆಲ್ಲ ತಡವಿ ತಡವಿ ನೋಡುತ್ತಾ ದೇವರ ಜಗುಲಿಯವರೆಗೂ ಬಂದೆ. ಅಲ್ಲಿ ಕೂಡಲಸಂಗಮದಿಂದ ತಂದ ನೀರು ತುಂಬಿಟ್ಟ ಹಸಿರು ಬಾಟ್ಲಿ ಇದೆ. ಪೂಜೆಯಾದ ಮೇಲೆ ಯಜಮಾನರ ಅಂಗೈಗೆ ದಿನಾ ಅದರಿಂದಲೇ ತೀರ್ಥ ಹಾಕುತ್ತೇನೆ. ಬೆರಳಾಡಿಸಿದೆ: ಕೋಲು, ಬಳೆ, ಕಂಬ, ಹಾವು...

"ಯಾಕ ತಡಾ? ಹಾಕು," ಎಂದು ಅಷ್ಟರಲ್ಲಿ ಪೂಜೆ ಮುಗಿಸಿದ ಯಜಮಾನರು ಕೈ ಚಾಚಿದರು. ಇಷ್ಟು ವರ್ಷ ಆಗದ್ದು ಇಂದೇನಾದೀತು ಎಂದು ಹಾಕಿದೆ. ಅವರು ಕುಡಿದು, ಕೈಯನ್ನು ಕಣ್ಣಿಗೊತ್ತಿಕೊಂಡು, ಎದೆಯುಬ್ಬಿಸಿ ನಿಂತರು. "ನೋಡು, ಈ ವಯಸ್ಸಿನ್ಯಾಗೂ ನನಗ ಒಂದ ಗುಳಗಿ ಬೇಕಾಗಿಲ್ಲ. ಎಲ್ಲಾ ಸಂಗಮದ ನೀರಿನ ಪುಣ್ಯ."

ನಾನು ಬಾಟ್ಲಿಯ ಅಕ್ಷರದ ಪಕ್ಕವನ್ನು ಮೆಲ್ಲಗೆ ಗೋಡೆಗೆ ತಿರುಗಿಸಿ ಇಟ್ಟೆ. "ಹೌದ್ರಿ. ಬಾಟ್ಲಿದೂ ಒಂಚೂರು ಪುಣ್ಯ ಐತಿ," ಎಂದೆ.