ತಪ್ಪಿಲ್ಲದ ಲಾರಿ

ನೀಲಕಂಠಸ್ವಾಮಿ: ತಪ್ಪಿಲ್ಲ ಅಂದ್ರೆ ಏನಯ್ಯಾ ಅರ್ಥ? ತಪ್ಪಿಲ್ದೆ ಒಂದು ಲಾರಿ ಇಲ್ಲೀತನಕ ಹೇಗಯ್ಯಾ ಬಂತು?

ಚಲುವಯ್ಯ: ರೋಡ್ ಮೇಲೇ ಬಂತು ಸಾ.

ನೀಲಕಂಠಸ್ವಾಮಿ: ತಲೆಹರಟೆ ಬೇಡ. ಪರ್ಮಿಟ್ಟು?

ಚಲುವಯ್ಯ: ನಿಮ್ಮ ಕೈಲೇ ಐತೆ ಸಾ.

ನೀಲಕಂಠಸ್ವಾಮಿ: ಹಾರ್ನು?

ಚಲುವಯ್ಯ ಹಾರ್ನ್ ಒತ್ತಿದ. ಗೇಟಿನ ಪಕ್ಕದ ಮರದಲ್ಲಿದ್ದ ಕೋತಿಗಳೆಲ್ಲ ಕಾಡಿನ ಕಡೆ ದೌಡಾಯಿಸಿದವು.

ನೀಲಕಂಠಸ್ವಾಮಿ: ಸಾಕು, ಸಾಕು. ಫಸ್ಟ್ ಏಡ್ ಡಬ್ಬ? ಅದು ಯಾವನ ಹತ್ರಾನೂ ಇರಲ್ಲ.

ಭದ್ರಮ್ಮ: (ಲಾರಿಯ ಕಿಟಕಿಯಿಂದ) ಐತೆ ಸಾಮಿ. ಅರಳೆ, ಟಿಂಚರು, ಕತ್ರಿ ಎಲ್ಲಾ ಮಡಗಿವ್ನಿ. ಗಾಯ ಆಗೋದೊಂದು ಬಾಕಿ.

ಹೆಗ್ಗಡದೇವನಕೋಟೆಯಿಂದ ಕೇರಳಕ್ಕೆ ಹೋಗುವ ದಾರಿಯಲ್ಲಿ, ಕಾಡು ಶುರುವಾಗುವ ಅಂಚಿಗೆ ಆ ತಪಾಸಣೆ ಗೇಟು. ಗೇಟಿನ ಸಾಹೇಬರು ನೀಲಕಂಠಸ್ವಾಮಿ. ಹಗ್ಗ ಎಳೆದು ಕಂಬ ಎತ್ತುವವನು ಮುದುಕ ಸಣ್ಣಬೀರಯ್ಯ. ಅಲ್ಲೊಂದು ಪದ್ಧತಿಯಿತ್ತು. ಸಾಹೇಬರು ಲಾರಿಗೆ ಒಂದು ಸುತ್ತು ಹಾಕಿ, ಕಂಡ ತಪ್ಪನ್ನು ಗಟ್ಟಿಯಾಗಿ ಕೂಗುವುದು. ಕೂಗು ಕಿವಿಗೆ ಬಿದ್ದೊಡನೆ ಸಣ್ಣಬೀರಯ್ಯ ಹಗ್ಗ ಎಳೆಯುವುದು. ತಪ್ಪು ಕೂಗಿದರೆಂದರೆ ವ್ಯವಹಾರ ಚುಕ್ತಾ ಆಯಿತೆಂದೇ ಅರ್ಥ. ಹೇಗೆ ಚುಕ್ತಾ ಆಯಿತೆಂದು ಯಾರೂ ಕೇಳುತ್ತಿರಲಿಲ್ಲ, ಕೇಳಬೇಕಾದವರಿಗೂ ಅದರಲ್ಲಿ ಪಾಲಿತ್ತು. ಗೇಟು ನೆಟ್ಟ ದಿನದಿಂದ ಅಲ್ಲಿಗೆ ತಪ್ಪಿಲ್ಲದ ಲಾರಿ ಒಂದೂ ಬಂದಿರಲಿಲ್ಲ. ಬಂದರೆ ಏನು ಕೂಗಬೇಕೆಂಬುದು ಸಾಹೇಬರಿಗೇ ಗೊತ್ತಿರಲಿಲ್ಲ. ಕೂಗದೆ ಹಗ್ಗ ಎಳೆಯುವುದು ಸಣ್ಣಬೀರಯ್ಯನಿಗೆ ಗೊತ್ತಿರಲಿಲ್ಲ.

ನೀಲಕಂಠಸ್ವಾಮಿ: ಆ ಬೋರ್ಡುಗಳನ್ನ ಓದಿದ್ದೀಯಾ?

ಚಲುವಯ್ಯ: ಓದಿವ್ನಿ ಸಾ. ಒಂದ್ರಲ್ಲಿ ‘ಗೇಟು ಎತ್ತಿದ ಮೇಲೆ ವಾಹನ ನಿಲ್ಲಿಸತಕ್ಕದ್ದಲ್ಲ’ ಅಂತೈತೆ. ಇನ್ನೊಂದ್ರಲ್ಲಿ ‘ಕಾಡಿನೊಳಗೆ ವಾಹನ ನಿಲ್ಲಿಸಕೂಡದು’ ಅಂತೈತೆ.

ನೀಲಕಂಠಸ್ವಾಮಿ: ಅಯ್ಯೋ ನಿನ್ನ! ಅದನ್ನ ಯಾರೂ ಓದಿರಲಿಲ್ಲ ಕಣಯ್ಯಾ. ನಾನೂ ಓದಿರಲಿಲ್ಲ.

ಹಾರನಹಳ್ಳಿಯ ಚಲುವಯ್ಯ ಅರ್ಧ ಆಯಸ್ಸನ್ನು ದೊಡ್ಡಮಾದಯ್ಯನ ಲಾರಿಗಳ ಸ್ಟೇರಿಂಗ್ ಹಿಂದೆ ಕಳೆದವನು. ಎರಡು ಲಾರಿಗಾಗುವಷ್ಟನ್ನು ಒಂದಕ್ಕೇ ತುರುಕಿ, ಬ್ರೇಕಿಲ್ಲದ ಗಾಡಿಯನ್ನು ದೇವರ ಹೆಸರಲ್ಲಿ ಇಳಿಜಾರಿಗೆ ಬಿಟ್ಟು, ಪ್ರತಿ ತಿರುವಿನಲ್ಲೂ ಯಾರದೋ ಮನೆಯ ಮಗುವಿನ ಮುಖ ನೆನೆದು ನಡುಗಿದವನು. ಕೊನೆಗೆ ಸಾಕೆನಿಸಿ ಹಳೇ ಲಾರಿಯೊಂದನ್ನು ತಾನೇ ಕೊಂಡು, ನಟ್ಟು ಬೋಲ್ಟೆಲ್ಲ ಬಿಗಿಸಿ, ‘ನನ್ನ ಗಾಡೀಲಿ ಒಂದು ತಪ್ಪೂ ಇರಕೂಡದು’ ಎಂದು ಹೆಂಡತಿ ಭದ್ರಮ್ಮನೆದುರು ಆಣೆಯಿಟ್ಟಿದ್ದ. ಇದು ಮೊದಲನೇ ಲೋಡು. ಓಣಂ ಹಬ್ಬಕ್ಕೆ ಚೆಂಡುಹೂವು. ಮಧ್ಯಾಹ್ನದೊಳಗೆ ಮಾನಂದವಾಡಿಯ ಹೂವಿನ ಮಂಡಿ ಸೇರಿದರೆ ಮುಂದೆ ಪ್ರತಿ ವಾರದ ಲೋಡೂ ನಿನ್ನದೇ ಎಂದು ಮಂಡಿಯವನು ಊರಿನ ಎಸ್‌ಟಿಡಿ ಬೂತಿಗೆ ಫೋನು ಮಾಡಿ ಹೇಳಿದ್ದ. ಸೇರದಿದ್ದರೆ ಬಾಡಿದ ಹೂವನ್ನು ಹೊಳೆಗೆ ಸುರಿದು, ಮತ್ತೆ ದೊಡ್ಡಮಾದಯ್ಯನ ಬ್ರೇಕಿಲ್ಲದ ಗಾಡಿಯೇ ಗತಿ. ಬಿಸಿಲು ಆಗಲೇ ಟಾರ್ಪಾಲಿನ ಮೇಲೆ ಹತ್ತಿ ಕುಳಿತಿತ್ತು.

ಚಲುವಯ್ಯ: ಸಾ, ಊವು ಬಾಡ್ತದೆ. ಬುಟ್ಬುಡಿ ಸಾ.

ನೀಲಕಂಠಸ್ವಾಮಿ: ಏನಂತ ಕೂಗಿ ಬಿಡಲಿ? ನೀನೇ ಹೇಳು.

ಚಲುವಯ್ಯ: ಏನೂ ಕೂಗ್ದೆ ಬುಡಿ.

ಸಣ್ಣಬೀರಯ್ಯ: (ಹಗ್ಗ ಹಿಡಿದೇ) ಅದೆಂಗಾದದು ಮಗಾ? ಕೂಗ್ದೆ ಇದ್ರೆ ನನ್ ಕೈ ಏಳಾಕಿಲ್ಲ. ಅಭ್ಯಾಸ ತಪ್ಪೋಗ್ತದೆ.

ಅಷ್ಟರಲ್ಲಿ ಹಿಂದಿನಿಂದ ಒಂದು ಲಾರಿ ನರಳುತ್ತಾ ಬಂತು. ದೊಡ್ಡಮಾದಯ್ಯನದು. ಮೇಲೆ ಭತ್ತದ ಹೊಟ್ಟು. ಹೊಟ್ಟಿನ ಭಾರಕ್ಕೆ ಟೈರುಗಳು ಯಾಕೆ ಹಪ್ಪಳವಾಗಿದ್ದವೆಂದು ನೋಡಲು ಕಣ್ಣಿದ್ದರೆ ಸಾಕಿತ್ತು. ಹೊಟ್ಟಿನ ಸಂದಿಯಿಂದ ಬೀಟೆ ಮರದ ದಿಮ್ಮಿಯೊಂದು ಮೂತಿ ಚಾಚಿ ಹೊರಗಿನ ಗಾಳಿ ಕುಡಿಯುತ್ತಿತ್ತು. ಅದರ ಡ್ರೈವರು ಒಂದು ಕೈ ಮಾತ್ರ ಕಿಟಕಿಯಿಂದ ಹೊರಗೆ ಹಾಕಿದ. ಸಾಹೇಬರು ಆ ಕೈಯ ಹತ್ತಿರ ಹೋಗಿ ಬಂದರು.

ನೀಲಕಂಠಸ್ವಾಮಿ: ಬೀರಣ್ಣಾ, ಇಂಡಿಕೇಟರ್ ಒಡೆದಿದೇ!

ಗೇಟು ಮೇಲೆದ್ದಿತು. ಲಾರಿ ಚಲುವಯ್ಯನ ಗಾಡಿಯನ್ನು ಪಕ್ಕದಿಂದ ದಾಟಿ ಕಾಡಿನೊಳಗೆ ಇಳಿಯಿತು. ಕಂಬ ಮತ್ತೆ ಕೆಳಗೆ ಬಿತ್ತು.

ಭದ್ರಮ್ಮ: ಅಲ್ಲಾ ಸಾಮಿ, ಅದರೊಳಗೆ ಅರ್ಧ ಕಾಡೇ ಓಯ್ತಲ್ಲಾ!

ನೀಲಕಂಠಸ್ವಾಮಿ: ಇಂಡಿಕೇಟರ್ ಒಡೆದಿತ್ತಲ್ಲಮ್ಮಾ, ಕೂಗಿದೆನಲ್ಲ. ನೋಡು ಚಲುವಯ್ಯಾ, ನಿನ್ನ ಒಳ್ಳೇದಕ್ಕೇ ಹೇಳ್ತೀನಿ ಕೇಳು. ಈ ದೊಡ್ಡಮಾದಯ್ಯನೂ ಒಂದೇ ಲಾರಿಯಿಂದ ಶುರು ಮಾಡಿದೋನು. ಮೊದಲನೇ ದಿನ ಒಂದು ಹೆಡ್‌ಲೈಟ್ ಇಲ್ಲದೆ ಬಂದ. ಎಷ್ಟು ವಿನಯ ಗೊತ್ತಾ? ಆಮೇಲೆ ಬ್ರೇಕಿಲ್ಲ. ಆಮೇಲೆ ಪರ್ಮಿಟ್ಟೇ ಇಲ್ಲ. ಹಂಗೇ ಒಂದೊಂದೇ ಮೆಟ್ಟಿಲು ಹತ್ತಿದ. ಈಗ ಹುಣಸೂರಲ್ಲಿ ಮನೆ, ಮೈಸೂರಲ್ಲಿ ಮನೆ, ಸ್ಕೂಲ್ ಡೇಗೆ ಅವನದೇ ಅಧ್ಯಕ್ಷತೆ. ನೀನು ಎಲ್ಲಾ ಸರಿಯಿಟ್ಕೊಂಡು ಬಂದರೆ ಮುಂದಕ್ಕೆ ಬರೋದು ಹೇಗೆ?

ಚಲುವಯ್ಯ: ಗೇಟು ಎತ್ತಿದ್ರೆ ಬತ್ತೀನಿ ಸಾ.

ನೀಲಕಂಠಸ್ವಾಮಿ: ಒಂದೇ ಒಂದು ತಪ್ಪು ಒಪ್ಪಿಕೋ. ಚಿಕ್ಕದು.

ಚಲುವಯ್ಯ: ಮಾಡ್ದೆ ಇರೋದ ಎಂಗೆ ಒಪ್ಕಳ್ಳಲಿ? ನೀವೇ ಯಾವ್ದಾರ ಬರ್ಕಳಿ.

ಸಾಹೇಬರ ಮುಖ ಕೆಂಪಗಾಯಿತು. ಮರ್ಯಾದೆಗೆ ಪೆಟ್ಟು ಬಿದ್ದಿತ್ತು.

ನೀಲಕಂಠಸ್ವಾಮಿ: ಏನಂದೆ? ಇಲ್ಲದ ತಪ್ಪು ಬರೆಯೋಕೆ ನನ್ನನ್ನ ಕಳ್ಳ ಅಂದ್ಕೊಂಡಿದ್ದೀಯಾ? ಇಷ್ಟು ವರ್ಷದ ಸರ್ವೀಸಲ್ಲಿ ಒಂದು ಸುಳ್ಳೂ ಬರೆದವನಲ್ಲ ನಾನು. ಇರೋ ತಪ್ಪನ್ನ ಬಿಟ್ಟಿದ್ದೀನಿ, ಅಷ್ಟೇ.

ಭದ್ರಮ್ಮ: (ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದು) ಅಷ್ಟೇ ತಾನೆ? ಒಂದು ತಪ್ಪು ಬೇಕು. ತಡೀರಿ.

ಚಲುವಯ್ಯ: ಅಮ್ಮೀ, ಕಲ್ಲು ಯಾಕೆ ತಗಂಡೆ?

ಭದ್ರಮ್ಮ: ಸುಮ್ಕಿರಿ ನೀವು. ಇಂಡಿಕೇಟರ್ ಒಡದ್ರೆ ಕಾಡೇ ಬುಡೋರು, ಊವ ಬುಡಾಕಿಲ್ವಾ?

ಟಪ್! ಚಲುವಯ್ಯ ಹುಣಸೂರಿನ ಅಂಗಡಿಯಲ್ಲಿ ಆರಿಸಿ ಆರಿಸಿ ತಂದಿದ್ದ ಕಿತ್ತಳೆ ಬಣ್ಣದ ಗಾಜು ನೆಲಕ್ಕೆ ಉದುರಿತು. ಅವನ ಎದೆಯಲ್ಲೂ ಏನೋ ಉದುರಿದಂತಾಯಿತು.

ಭದ್ರಮ್ಮ: ಕೂಗಿ ಸಾಮಿ.

ನೀಲಕಂಠಸ್ವಾಮಿ: ಆಗಲ್ಲಮ್ಮಾ.

ಭದ್ರಮ್ಮ: ಯಾಕೆ? ಒಡದೈತಲ್ಲಾ!

ನೀಲಕಂಠಸ್ವಾಮಿ: ತಪ್ಪು ಮಾಡ್ಕೊಂಡು ಇಲ್ಲಿಗೆ ಬರಬೇಕು. ಇಲ್ಲಿಗೆ ಬಂದು ಮಾಡೋ ಹಾಗಿಲ್ಲ. ನನ್ನ ಕಣ್ಣೆದುರಿಗೇ ತಪ್ಪಾಗೋಕೆ ಬಿಟ್ಟರೆ ಅದು ನನ್ನ ತಪ್ಪಾಗುತ್ತೆ.

ಸಣ್ಣಬೀರಯ್ಯ: ಇವಾಗ ಕ್ವಾಟೆಗೆ ವಾಪಸ್ ಓಗಿ, ಅಲ್ಲಿಂದ ಇದೇ ಒಡದಿರೋ ಗಾಜ್ನಲ್ಲಿ ಬಂದ್ರೆ ಆಯ್ತದೆ.

ಭದ್ರಮ್ಮ: ಓಗಿ ಬರೋವಷ್ಟ್ರಲ್ಲಿ ಊವು ಗೊಬ್ರ ಆಯ್ತದೆ ಕಣಜ್ಜೋ!

ಚಲುವಯ್ಯ ಲಾರಿಯ ಬಾಗಿಲು ತೆಗೆದ. ಸೀಟಿನಡಿಯಿಂದ ಒಂದು ಪೊಟ್ಟಣ ತೆಗೆದು, ಸ್ಪೇರ್ ಗಾಜನ್ನು ಹೊರತೆಗೆದು ಇಂಡಿಕೇಟರಿಗೆ ಕೂರಿಸಿಬಿಟ್ಟ.

ಭದ್ರಮ್ಮ: ಥೂ ನಿಮ್ಮ! ಇದ್ದ ಒಂದು ತಪ್ಪನ್ನೂ ರಿಪೇರಿ ಮಾಡ್ಬುಟ್ರಲ್ಲಾ!

ಚಲುವಯ್ಯ: ಒಡದ ಗಾಜ್ನಲ್ಲಿ ಗಾಡಿ ಓಡ್ಸೋದು ತಪ್ಪು ಅಮ್ಮಿ.

ನೀಲಕಂಠಸ್ವಾಮಿ ಲಾರಿಗೆ ಇನ್ನೊಂದು ಸುತ್ತು ಹಾಕಿದರು. ಟಾರ್ಪಾಲು ಗೋಪುರದಂತೆ ಉಬ್ಬಿತ್ತು. ಟೈರು ನೋಡಿದರೆ ಒಂದಿಷ್ಟೂ ತಗ್ಗಿರಲಿಲ್ಲ. ಸಾಹೇಬರ ಕಣ್ಣು ಫಳಕ್ಕನೆ ಹೊಳೆಯಿತು.

ನೀಲಕಂಠಸ್ವಾಮಿ: ಸಿಕ್ಕಿಬಿದ್ದೆ! ಲೋಡು ಇಷ್ಟೆತ್ತರ ಇದೆ, ತೂಕ ಮಾತ್ರ ಇಲ್ಲ. ನಿಜ ಹೇಳು. ತೂಕಾನ ಎಲ್ಲಿ ಬಚ್ಚಿಟ್ಟಿದ್ದೀಯ?

ಚಲುವಯ್ಯ: ಊವಿಗೆ ಎಲ್ಲಿಂದ ಬತ್ತದೆ ಸಾ ತೂಕ?

ನೀಲಕಂಠಸ್ವಾಮಿ: ಹೊಟ್ಟಿಗೆ ಬರುತ್ತೆ, ಹೂವಿಗೆ ಬರಲ್ವಾ? ಈ ಗೇಟಲ್ಲಿ ಹೊಟ್ಟಿನ ಗಾಡಿ ನೆಲ ಬಿರಿಯೋ ಹಾಗೆ ಹೋಗೋದನ್ನ ದಿನಾ ನೋಡೋನು ನಾನು! ಮೊದಲು ಟಾರ್ಪಾಲು ಬಿಚ್ಚು. ನಾನೇ ಹತ್ತಿ ನೋಡ್ತೀನಿ.

ಚಲುವಯ್ಯ ಟಾರ್ಪಾಲು ಬಿಚ್ಚಿದ. ಬಿಸಿಲಿಗೆ ಕೊಡೆ ಬಿಚ್ಚಿ ಹಿಡಿದು, ಸಣ್ಣಬೀರಯ್ಯನ ಹೆಗಲ ಮೇಲೊಂದು ಕಾಲು, ಸ್ಟೆಪ್ನಿ ಮೇಲೊಂದು ಕಾಲಿಟ್ಟು, ಸಾಹೇಬರು ಉಸ್ಸೆಂದು ಮೇಲೆ ಹತ್ತಿದರು. ಹತ್ತಿದವರು ನಿಲ್ಲಲಿಲ್ಲ, ಕೆಸರಿಗೆ ಬಿದ್ದ ಎಮ್ಮೆಯಂತೆ ಸೊಂಟದವರೆಗೆ ಹೂವಿನೊಳಗೆ ಇಳಿದುಬಿಟ್ಟರು. ಕೈಯಾಡಿಸಿದರು, ಕೆದಕಿದರು, ಸೀನಿದರು. ಹಳದಿ ಹೂವು ಮೀಸೆಗೆ, ಕಿತ್ತಳೆ ಹೂವು ಕಿವಿಗೆ.

ಸಣ್ಣಬೀರಯ್ಯ: (ಹಗ್ಗದ ಹತ್ತಿರ ಹೋಗಿ ನಿಂತು) ಏನಾರ ಸಿಕ್ತಾ ಬುದ್ಧೀ?

ನೀಲಕಂಠಸ್ವಾಮಿ: ಬರೀ ಹೂವು ಕಣಯ್ಯಾ! ಅಡಿಯವರೆಗೂ ಹೂವೇ! ಏನು ಜನ ಇವರು? ನಾಚಿಕೆ ಆಗಲ್ವಾ?

ಭದ್ರಮ್ಮ ತಲೆಯೆತ್ತಿ ಸಾಹೇಬರನ್ನು ನೋಡಿದಳು. ಹಗ್ಗ ಹಿಡಿದ ಸಣ್ಣಬೀರಯ್ಯನನ್ನು ನೋಡಿದಳು. ಮೆಲ್ಲಗೆ ಕ್ಯಾಬಿನ್ ಹತ್ತಿ ಕುಳಿತು, ಕಿಟಕಿಯಿಂದ ಕತ್ತು ಹೊರಹಾಕಿ ಬಲು ನಯವಾಗಿ ಕೇಳಿದಳು.

ಭದ್ರಮ್ಮ: ಸಾಮೀ, ಒಂದ್ಮಾತು. ತಿಳೀದೋರು, ತಪ್ಪು ತಿಳ್ಕಬ್ಯಾಡಿ. ಸಾಮಾನು ಸಾಗ್ಸೋ ಗಾಡಿ ಮ್ಯಾಲೆ ಮನುಷ್ರು ಕೂತ್ಕಬೌದಾ?

ನೀಲಕಂಠಸ್ವಾಮಿ: ಯಾರಮ್ಮಾ ಹೇಳಿದ್ದು ಕೂರಬಹುದು ಅಂತ? ಅದು ತಪ್ಪು!

ಭದ್ರಮ್ಮ: ಸಣ್ಣ ತಪ್ಪೇನೋ ಅಲ್ವಾ ಸಾಮಿ?

ನೀಲಕಂಠಸ್ವಾಮಿ: ಸಣ್ಣದಾ? ದೊಡ್ಡ ತಪ್ಪು! (ಗಂಟಲೆತ್ತಿ) ಗೂಡ್ಸ್ ಗಾಡೀಲಿ ಮನುಷ್ಯಾ!

ಕೂಗು ಕಾಡಿಗೆ ತಾಗಿ ಮರಳಿ ಬಂತು. ಅಷ್ಟು ಹೊತ್ತಿನಿಂದ ಅದಕ್ಕಾಗಿಯೇ ಕಾದಿದ್ದ ಸಣ್ಣಬೀರಯ್ಯನ ಕೈ ತನ್ನಷ್ಟಕ್ಕೆ ತಾನೇ ಹಗ್ಗ ಎಳೆಯಿತು. ಗೇಟು ಆಕಾಶ ನೋಡಿತು.

ಭದ್ರಮ್ಮ: ಬುಡಿ ಗಾಡಿ!

ಚಲುವಯ್ಯ: ಅಮ್ಮೀ, ಸಾಹೇಬ್ರು ಮೇಲವ್ರೆ!

ಭದ್ರಮ್ಮ: ಗೇಟು ಎದ್ದೈತೆ. ಎತ್ತಿದ ಮೇಲೆ ನಿಲ್ಸೋದು ತಪ್ಪಲ್ವಾ?

ಚಲುವಯ್ಯ ಬೋರ್ಡು ನೋಡಿದ. ನ್ಯಾಯ ನ್ಯಾಯವೇ. ಸ್ಟೇರಿಂಗ್ ಹಿಂದೆ ಹತ್ತಿ ಕುಳಿತು ಒಂದನೇ ಗೇರು ಹಾಕಿದ.

ನೀಲಕಂಠಸ್ವಾಮಿ: (ಮೇಲಿಂದ) ಏಯ್! ನಿಲ್ಲಿಸೋ! ನಿಲ್ಲಿಸೋ ಚಲುವಯ್ಯಾ!

ಚಲುವಯ್ಯ: ಕಾಡೊಳಗೆ ನಿಲ್ಸಂಗಿಲ್ಲ ಸಾ! ಗಟ್ಟಿಯಾಗಿ ಹಿಡ್ಕಳಿ!

ಕಾಡು ಮುಗಿಯಿತು. ಹೊಳೆ ದಾಟಿದರೆ ಆಚೆ ರಾಜ್ಯದ ಗೇಟು. ಅಲ್ಲಿ ಹಬ್ಬದ ರಜೆಯ ಹುಡುಗರು ಗುಂಪುಗೂಡಿ ನಿಂತಿದ್ದರು. ಲಾರಿಯ ನೆತ್ತಿಯ ಮೇಲೆ ಹೂವಿನ ರಾಶಿ. ರಾಶಿಯ ನಡುವೆ ದೊಡ್ಡ ಹೊಟ್ಟೆ, ದಪ್ಪ ಮೀಸೆ, ಬಿಚ್ಚಿದ ಕೊಡೆ. ಹುಡುಗರು ಒಮ್ಮೆಗೇ ಹೋ ಎಂದರು.

ಹುಡುಗರು: ಮಾವೇಲಿ! ಮಾವೇಲಿ!

ಅಲ್ಲಿಯ ಗೇಟಿನವನು ಕಾಗದ ನೋಡಿದ, ಮೇಲೆ ನೋಡಿದ, ನಕ್ಕು ಕೈಮುಗಿದು ಕಂಬ ಎತ್ತಿದ.

ಭದ್ರಮ್ಮ: ಅದ್ಯಾರ್ರೀ ಮಾವೇಲಿ?

ಚಲುವಯ್ಯ: ನಮ್ಮ ಬಲಿ ಚಕ್ರವರ್ತಿ ಕಣಮ್ಮಿ. ಈ ಹಬ್ಬಕ್ಕೆ ತನ್ನ ಜನ್ರ ನೋಡಾಕೆ ಬತ್ತಾನಂತೆ. ಅವ್ನ ಕಾಲ್ದಲ್ಲಿ ಸುಳ್ಳಿಲ್ಲ, ಮೋಸ ಇಲ್ಲ, ಕಳ್ಳತೂಕ ಇಲ್ಲ.

ಭದ್ರಮ್ಮ: ಪಾಪ, ಮೇಲಿರೋರಿಗೆ ಏಳ್ಬ್ಯಾಡಿ. ಎದೆ ಒಡಕಂಡಾರು.

ಹೂವು ಬಾಡಿರಲಿಲ್ಲ. ಮಂಡಿಯವನು ಬೊಗಸೆಯಲ್ಲಿ ಎತ್ತಿ ಮೂಸಿ ನೋಡಿ, ಮುಂದಿನ ವಾರವೂ ನೀನೇ ತಗೊಂಡು ಬಾ ಎಂದ. ಚಲುವಯ್ಯ ಕಣ್ಣೊರೆಸಿಕೊಂಡ. ಲೋಡೆಲ್ಲ ಇಳಿದ ಮೇಲೆ ಅಡಿಯಲ್ಲಿ ನೀಲಕಂಠಸ್ವಾಮಿ ಉಳಿದಿದ್ದರು, ಮೈತುಂಬ ಪಕಳೆ.

ನೀಲಕಂಠಸ್ವಾಮಿ: ಆಗಿದ್ದು ಆಯ್ತಪ್ಪಾ. ನಿನ್ನ ಮೇಲೆ ಸಿಟ್ಟಿಲ್ಲ. ಬೇಗ ವಾಪಸ್ ಕರ್ಕೊಂಡು ಹೋಗು. ಅಲ್ಲಿ ನಾನು ಕೂಗದಿದ್ರೆ ಆ ಬೀರಣ್ಣ ಒಂದು ಗಾಡೀನೂ ಬಿಡಲ್ಲ.

ಭದ್ರಮ್ಮ: ಒಂದ್ನೂವಾ?

ನೀಲಕಂಠಸ್ವಾಮಿ: ಒಂದನ್ನೂ. ದೊಡ್ಡಮಾದಯ್ಯನ ದಿಮ್ಮಿ ಗಾಡಿಗಳೆಲ್ಲಾ ಈ ಹೊತ್ತಿಗೆ ಸಾಲಾಗಿ ನಿಂತುಬಿಟ್ಟಿರ್ತವೆ ಕಣಮ್ಮಾ!

ಚಲುವಯ್ಯನಿಗೆ ಪಾಪ ಎನಿಸಿತು. ಸಾಹೇಬರನ್ನು ವಾಪಸ್ ಕರೆದೊಯ್ಯಲೆಂದು ಹಿಂದಿನ ಬಾಗಿಲು ಮುಚ್ಚಲು ಕೈಹಾಕಿದ. ಭದ್ರಮ್ಮ ಆ ಕೈ ಹಿಡಿದುಕೊಂಡಳು.

ಭದ್ರಮ್ಮ: ಬ್ಯಾಡಿ ಕಣ್ರೀ. ಗೂಡ್ಸ್ ಗಾಡೀಲಿ ಮನುಷ್ರು ಕೂತ್ರೆ ದೊಡ್ಡ ತಪ್ಪಂತೆ, ಸಾಮೇರೇ ಕೂಗವ್ರೆ. ನೀವು ಹಬ್ಬ ಮುಗುಸ್ಕಂಡು ನಿಧಾನ್ವಾಗಿ ಬಸ್ನಲ್ಲಿ ಬನ್ನಿ ಸಾಮಿ.