ಕಾಗೆಗೆ ಕೊಟ್ಟ ಮಾತು

ನನ್ನ ಹೆಂಡತಿ ಚಂದ್ರಲೇಖಾಳ ಮನಸ್ಸಿನಲ್ಲಿ ಇನ್ನೊಬ್ಬ ಗಂಡಸಿದ್ದಾನೆ. ಅವನು ಸತ್ತು ವರ್ಷವಾಯಿತು. ಬದುಕಿದ್ದರೆ ಜಗಳವಾದರೂ ಆಡಬಹುದಿತ್ತು. ಸತ್ತವನೆದುರು ಯಾವ ಗಂಡ ಗೆದ್ದಾನು, ನೀವೇ ಹೇಳಿ!

ಅವನ ಹೆಸರು ಶಶಿಕುಮಾರ್. ‘ಕರಿಗುಡ್ಡ’ ಎಂಬ ರಾಕ್ ಬ್ಯಾಂಡಿನ ಗಾಯಕ. ಉದ್ದನಪಲ್ಲಿಯವನು, ಕಾರ್ಖಾನೆಯ ಶಿಫ್ಟ್ ಮುಗಿಸಿ ಗಿಟಾರು ಹಿಡಿಯುತ್ತಿದ್ದವನು. ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ಹಾಡಿನಲ್ಲಿ ಕಿರುಚುತ್ತಿದ್ದ. (ಮೂರೂ ಬರುವ ನನಗೆ ಮೂರರಲ್ಲೂ ಏನೂ ತಿಳಿಯುತ್ತಿರಲಿಲ್ಲ.) ಅವನು ಕಾಮಾಲೆಯಾಗಿ ತೀರಿಕೊಂಡ ಮೇಲೆ ಅಭಿಮಾನಿಗಳು ಕಡಿಮೆಯಾಗಬೇಕಿತ್ತಲ್ಲವೇ? ಹೆಚ್ಚಾದರು. ಪ್ರತಿ ಭಾನುವಾರ ಅವಲಪಲ್ಲಿಯ ನಮ್ಮ ಮನೆಯಲ್ಲಿ, ಮಾಲಿನಿ ಎಂಬ ನರ್ಸಮ್ಮನ ನೇತೃತ್ವದಲ್ಲಿ, ಭಕ್ತಮಂಡಳಿ ಸೇರಿ ಅವನ ಹಾಡು ಹಾಕಿಕೊಂಡು ಕಣ್ಣು ಮುಚ್ಚುತ್ತದೆ. ನಾನು ಅಡುಗೆಮನೆಯಿಂದ ಇಣುಕುತ್ತೇನೆ. ಹೊಟ್ಟೆಕಿಚ್ಚು ಇದೆ, ಸುಳ್ಳೇಕೆ? ಆದರೆ ಅದಕ್ಕಿಂತ ಕುತೂಹಲ ಹೆಚ್ಚು. ಇಲ್ಲದವನ ದನಿಯಲ್ಲಿ ಇವರಿಗೆ ಏನು ಸಿಗುತ್ತದೆ? ನನಗೇಕೆ ಸಿಗುತ್ತಿಲ್ಲ?

“ಅಂಥಾದ್ದು ಏನೈತೆ ಅವ್ನಲ್ಲಿ?” ಎಂದು ಒಂದು ದಿನ ಹೆಂಡತಿಯನ್ನು ಕೇಳಿಯೇಬಿಟ್ಟೆ.

“ಹೇಳಿದ್ರೆ ತಿಳಿಯಾಕಿಲ್ಲ ಕಣ್ರೀ. ಕೇಳ್ಬೇಕು.”

“ಕೇಳ್ತಾನೇ ಇದ್ದೀನಲ್ಲ! ಪಕ್ಕದ ಬೀದಿಗೂ ಕೇಳ್ತೈತೆ!”

ಮಹಾಲಯ ಅಮಾವಾಸ್ಯೆ ಬಂತು. ತೀರಿಕೊಂಡ ಹಿರಿಯರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಡುವ ಹಬ್ಬ. ಎಲೆಯನ್ನು ತಾರಸಿಯ ಮೇಲಿಟ್ಟು, ಕಾಗೆ ಮುಟ್ಟಿದ ಮೇಲೆಯೇ ಮನೆಮಂದಿಗೆ ಊಟ. ಈ ಸಲ ನಮ್ಮಪ್ಪನ ಎಲೆಯ ಪಕ್ಕದಲ್ಲಿ ಚಂದ್ರಲೇಖಾ ಇನ್ನೊಂದು ಎಲೆ ಹಾಸಿದಳು. ಅದರ ಮೇಲೆ ಬೇಕರಿಯ ಎಗ್ ಪಫ್ಸ್, ಸಕ್ಕರೆಯಿಲ್ಲದ ಟೀ.

“ಇದ್ಯಾರ್ಗಮ್ಮ? ನಮ್ಮ ವಂಶದೋರ್ಗಾ?” ನಮ್ಮವ್ವ ರಾಮಕ್ಕ ಹುಬ್ಬೇರಿಸಿದಳು.

“ಶಶಿಕುಮಾರ್‌ಗೆ, ಅತ್ತೆ. ಮದ್ವೆ ಆಗಿರ್ಲಿಲ್ಲ, ಹಿಂದುಮುಂದು ಯಾರೂ ಇಲ್ಲ. ಯಾರು ಎಡೆ ಇಡ್ತಾರೆ?”

ಅವ್ವ ಕರಗಿಹೋದಳು. “ಅಯ್ಯೋ ಪಾಪ! ಇಡಮ್ಮ. ಆದ್ರೆ ಇಟ್ಮ್ಯಾಲೆ ಅದ್ನೂ ಕಾಗೆ ಮುಟ್ಬೇಕು. ಅಲ್ಲೀಗಂಟ ಯಾರೂ ಒಂದು ಅಗುಳೂ ತಿನ್ನಂಗಿಲ್ಲ.”

ಕಾಗೆ ಬಂತು. ಅಪ್ಪನ ಎಲೆಯಿಂದ ಮಟನ್ ತುಂಡು ಕಚ್ಚಿಕೊಂಡಿತು. ಪಫ್ಸನ್ನು ಓರೆಗಣ್ಣಿನಲ್ಲಿ ನೋಡಿ, ಹಾರಿ ನೀರಿನ ಟ್ಯಾಂಕಿನ ಮೇಲೆ ಕೂತುಬಿಟ್ಟಿತು. ಕರೆದೆವು, ಬೇಡಿದೆವು, ಭಕ್ತಮಂಡಳಿಯೂ ಬಂದು ಕೈಮುಗಿದು ನಿಂತಿತು. ಊಹೂಂ. ಕೆಳಗಿನಿಂದ ಸಾರಿನ ಘಮ ಏರಿ ಬರುತ್ತಿತ್ತು. ನನ್ನ ಹೊಟ್ಟೆ ತಾಳ ಹಾಕುತ್ತಿತ್ತು.

“ಏನೋ ಆಸೆ ಉಳ್ಕೊಂಡೈತೆ,” ಅವ್ವ ತೀರ್ಪು ಕೊಟ್ಟಳು. “ತೀರಿಸ್ತೀನಿ ಅಂತ ಯಾರಾನ ಮಾತು ಕೊಡ್ಬೇಕು.”

ಮಾಲಿನಿ ಕಣ್ಣೊರೆಸಿಕೊಂಡಳು. “ಕೊನೇ ಹಾಡಮ್ಮ. ಬರ್ದು, ಗಿಟಾರ್ ನುಡಿಸಿ ರೆಕಾರ್ಡ್ ಮಾಡಿಟ್ಟಿದ್ರು. ಹಾಡೋ ಮುಂಚೇನೇ ಹೋಗ್ಬುಟ್ರು. ಅದ್ನ ಹಾಡೋಕೆ ನಮ್ಗ್ಯಾರ್ಗೂ ಧೈರ್ಯ ಇಲ್ಲ.”

ಹಸಿವಿಗೆ ಧೈರ್ಯದ ಕೊರತೆಯೇ? “ನಾನು ಹಾಡ್ತೀನಿ ಕಣಪ್ಪೋ! ಬಂದು ತಿನ್ನು!” ಎಂದು ಟ್ಯಾಂಕಿನ ಕಡೆಗೆ ಕೂಗಿದೆ.

ಆ ದರಿದ್ರ ಕಾಗೆ ಅದಕ್ಕೇ ಕಾದಿದ್ದಂತೆ ಇಳಿದು ಬಂದು, ಪಫ್ಸಿನೊಳಗಿನ ಮೊಟ್ಟೆಯನ್ನು ಹೆಕ್ಕಿಕೊಂಡು ಹಾರಿಹೋಯಿತು.

ಊಟ ಪೊಗದಸ್ತಾಯಿತು. ಕೈ ತೊಳೆಯುವಾಗ ಮಾತನ್ನೂ ತೊಳೆದುಕೊಂಡೆ. ಆದರೆ ಅವ್ವ ಬಿಡಬೇಕಲ್ಲ!

“ಸತ್ತೋರ್ಗೆ ಕೊಟ್ಟ ಮಾತು ಕಣ್ಲಾ ಲಕ್ಷ್ಮೀಪತಿ. ತಪ್ಪುದ್ರೆ ಮನೇಗೆ ಒಳ್ಳೇದಾಗಾಕಿಲ್ಲ.”

ಭಾನುವಾರ ಮೈಕು ಹಿಡಿದೆ. ಗಿಟಾರು ಒಂದು ದಾರಿ, ನಾನೊಂದು ದಾರಿ. ಆದರೆ ಹಾಡುತ್ತ ಹಾಡುತ್ತ ಮೊದಲ ಬಾರಿಗೆ ಮಾತುಗಳು ಕಿವಿಗೆ ಬಿದ್ದವು. ಕಂಪನಿ ಬಸ್ಸು ತಪ್ಪಿಸಿಕೊಂಡವನೊಬ್ಬ, ಮನೆಯಲ್ಲಿ ಕಾಯುವವರನ್ನು ನೆನೆಯುತ್ತ ನಡೆದು ಬರುತ್ತಾನೆ, ಅಷ್ಟೇ. ಅಲ್ಲ ಮಾರಾಯರೇ, ನಾನೂ ಎಷ್ಟೋ ಸಲ ಹಾಗೆ ನಡೆದು ಬಂದಿದ್ದೇನೆ! ನಾನೂ ಕಣ್ಣು ಮುಚ್ಚಿಕೊಂಡು ಹಾಡಿದೆ. ಇವರಿಗೆ ಸಿಗುತ್ತಿದ್ದದ್ದು ಇದೇ ಇರಬೇಕು.

ಹಾಡು ಮುಗಿಸಿ ನೋಡಿದರೆ ಇಡೀ ಮಂಡಳಿ ಅಳುತ್ತಿದೆ. ಎಲ್ಲರಿಗಿಂತ ಹೆಚ್ಚಾಗಿ ಚಂದ್ರಲೇಖಾ. ನನ್ನ ಎದೆ ಉಬ್ಬಿತು. ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ, “ಅಷ್ಟು ಚೆನ್ನಾಗಿತ್ತೇನೇ?”

ಅವಳು ನನ್ನ ಕೈ ಹಿಡಿದುಕೊಂಡು ಬಿಕ್ಕಿದಳು.

“ಇಷ್ಟು ದಿನ ನಂಬಿರ್ಲಿಲ್ಲ ಕಣ್ರೀ. ನೀವು ಹಾಡಿದ್ಮ್ಯಾಲೆ ಗೊತ್ತಾಯ್ತು, ಅವ್ರು ನಿಜ್ವಾಗ್ಲೂ ಹೋಗ್ಬುಟ್ರು!”